ಹಳೆಯ ಜೆಟ್‌ಸ್ಕೀ ಕೊಳ್ಳುವ ಮುನ್ನ

ಮಲ್ಪೆ, ಪಣಂಬೂರು, ಮುರ್ಡೇಶ್ವರದ ಕಡಲ ದಂಡೆಗೆ ಹೋದವರು ಜೆಟ್‌ಸ್ಕೀ ನೋಡಿಯೇ ಇರುತ್ತೀರಿ. ಕೆಲವರು ದುಡ್ಡು ಕೊಟ್ಟು ಹತ್ತಿಯೂ ಇರುತ್ತೀರಿ. ಮೇಲೆ ಹ್ಯಾಂಡಲ್ಲು, ಸೀಟು. ಕೆಳಗೆ ಫೈಬರ್ ದೋಣಿ. ಒಳಗೊಂದು ಇಂಜಿನ್, ಅದು ತಿರುಗಿಸುವ ಪಂಪು. ತಳದಿಂದ ನೀರು ಎಳೆದು ಹಿಂದಕ್ಕೆ ರಭಸವಾಗಿ ಚಿಮ್ಮಿಸಿದಾಗ ಗಾಡಿ ಮುಂದಕ್ಕೆ ನುಗ್ಗುತ್ತದೆ. ಹೊಸದು ಕೊಳ್ಳಲು ಒಂದು ಕಾರಿನ ದುಡ್ಡು ಬೇಕು. ಹಾಗಾಗಿ ಬೀಚಿನಲ್ಲಿ ಸಣ್ಣದಾಗಿ ಶುರುಮಾಡುವವರು, ರೆಸಾರ್ಟ್ ಇಟ್ಟುಕೊಂಡವರು ಸೆಕೆಂಡ್ ಹ್ಯಾಂಡ್ ಹುಡುಕುತ್ತಾರೆ. ಮಾರುವವನು ಗಾಡಿಯ ಮೈಗೆ ಪಾಲಿಶ್ ಹೊಡೆಸಿರುತ್ತಾನೆ, ಹೊಸ ಸೀಟ್ ಕವರ್ ಹಾಕಿಸಿರುತ್ತಾನೆ. ಬಟನ್ ಒತ್ತಿದೊಡನೆ ಇಂಜಿನ್ ಗುರ್ ಎನ್ನುತ್ತದೆ. ಅಷ್ಟಕ್ಕೇ ಮುಂಗಡ ಕೊಟ್ಟುಬಿಡುವವರಿದ್ದಾರಲ್ಲ, ಇವತ್ತಿನ ಮಾತು ಅವರಿಗೆ.

ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯನ್ನೋ, ಆರ್‌ಎಕ್ಸ್ 100 ಬೈಕನ್ನೋ ಹಳೆಯದಾಗಿ ಕೊಂಡವರಿಗೆ ಒಂದು ಅಭ್ಯಾಸವಿತ್ತು. ಸ್ಟಾರ್ಟ್ ಮಾಡುವ ಮೊದಲು ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತಿ ನೋಡುವುದು. ಗಟ್ಟಿಯಾಗಿ ತಡೆದರೆ ಕಂಪ್ರೆಷನ್ ಇದೆ. ಸಲೀಸಾಗಿ ಇಳಿದುಬಿಟ್ಟರೆ ಇಂಜಿನ್ನಿಗೆ ಕೆಲಸ ಬಂದಿದೆ ಎಂದೇ ಲೆಕ್ಕ. ಪಿಸ್ಟನ್ ಮೇಲಕ್ಕೆ ಬರುವಾಗ ಪೆಟ್ರೋಲು ಬೆರೆತ ಗಾಳಿಯನ್ನು ಒಂದು ಪುಟ್ಟ ಜಾಗಕ್ಕೆ ಒತ್ತಿ ಸೇರಿಸುತ್ತದೆ. ಪಿಸ್ಟನ್ನಿನ ರಿಂಗ್ ಸವೆದಿದ್ದರೆ, ಸಿಲಿಂಡರಿನ ಒಳಗೋಡೆಗೆ, ಅಂದರೆ ಬೋರಿಗೆ ಗೀರು ಬಿದ್ದಿದ್ದರೆ, ಹೆಡ್ ಗ್ಯಾಸ್ಕೆಟ್ ಸುಟ್ಟಿದ್ದರೆ ಆ ಗಾಳಿ ಸೋರಿಹೋಗುತ್ತದೆ. ಸೋರಿದಷ್ಟೂ ಬಲ ಕಡಿಮೆ. ಜೆಟ್‌ಸ್ಕೀಗೆ ಕಿಕ್ಕರ್ ಇಲ್ಲ, ಸೆಲ್ಫ್ ಸ್ಟಾರ್ಟ್ ಮಾತ್ರ. ಕೈಗೆ ತಿಳಿಯುತ್ತಿದ್ದುದನ್ನು ಇಲ್ಲಿ ಕಂಪ್ರೆಷನ್ ಗೇಜು ಹೇಳಬೇಕು. ಅದರ ಅಳತೆ ಪಿ.ಎಸ್.ಐ. ಕಾರಿನ ಟೈರಿಗೆ 32 ಹಿಡಿಸುತ್ತೀರಲ್ಲ, ಅದೇ ಅಳತೆ.

ಜೆಟ್‌ಸ್ಕೀ ಇಂಜಿನ್ನಿನ ಬಾಳು ಕಷ್ಟದ್ದು. ಕಾರು ಇಳಿಜಾರಿನಲ್ಲಿ ಉರುಳುತ್ತದೆ, ಟಾಪ್ ಗೇರಿನಲ್ಲಿ ಉಸಿರು ಬಿಡುತ್ತದೆ. ನೀರಿನ ಪಂಪು ಹಾಗೆ ಬಿಡುವುದಿಲ್ಲ, ಥ್ರಾಟಲ್ ಒತ್ತಿದಷ್ಟು ಹೊತ್ತೂ ಭಾರ ಇದ್ದೇ ಇರುತ್ತದೆ. ಹತ್ತಿದ ಪ್ರವಾಸಿಗನಿಗೆ ಅರ್ಧ ಥ್ರಾಟಲ್ ಎಂಬುದೇ ಗೊತ್ತಿಲ್ಲ. ಇದಕ್ಕಿಂತ ದೊಡ್ಡ ಶತ್ರು ಸುಮ್ಮನೆ ನಿಲ್ಲುವುದು. ಮಳೆಗಾಲದಲ್ಲಿ ನಮ್ಮ ಕರಾವಳಿಯ ಜಲಕ್ರೀಡೆ ನಿಲ್ಲುತ್ತದೆ. ಗಾಡಿ ಶೆಡ್ಡು ಸೇರುತ್ತದೆ. ಟ್ಯಾಂಕಿನಲ್ಲಿ ಹಳೇ ಪೆಟ್ರೋಲು, ಸಿಲಿಂಡರಿನಲ್ಲಿ ಉಪ್ಪಿನ ತೇವ, ಸುತ್ತ ಜೂನ್ ತಿಂಗಳ ಕಡಲ ಗಾಳಿ. ರಿಂಗು ಬೋರಿಗೆ ತುಕ್ಕು ಹಿಡಿಯಲು ಇನ್ನೇನು ಬೇಕು? ಎಷ್ಟೋ ಜೆಟ್‌ಸ್ಕೀಗಳು ಕೆಡುವುದು ಸಮುದ್ರದಲ್ಲಲ್ಲ, ಶೆಡ್ಡಿನಲ್ಲಿ.

ಈಗ ಪರೀಕ್ಷೆಗೆ ಬರೋಣ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಸೆಲ್ಫ್ ಮೋಟರ್ ಎಳೆದಾಡಿಕೊಂಡು ತಿರುಗಿದರೆ ಒಳ್ಳೆಯ ಇಂಜಿನ್ನೂ ಕಡಿಮೆ ತೋರಿಸುತ್ತದೆ. ಸೀಟು ತೆಗೆದು ಒಂದಷ್ಟು ಹೊತ್ತು ಗಾಳಿಯಾಡಲು ಬಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ಕೂತಿರುತ್ತದೆ. ಇಂಜಿನ್ ಸ್ವಲ್ಪ ಬಿಸಿಯಾಗಬೇಕು. ದಡದಲ್ಲಿ ಬಿಸಿಮಾಡುವುದಾದರೆ ಪೈಪಿನಿಂದ ನೀರು ಕೊಡಬೇಕು, ಅದಕ್ಕೂ ಒಂದು ಕ್ರಮವಿದೆ: ಮೊದಲು ಇಂಜಿನ್, ಆಮೇಲೆ ನೀರು, ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಇಂಜಿನ್. ನಿಂತ ಇಂಜಿನ್ನಿಗೆ ನೀರು ಬಿಟ್ಟರೆ ಅದು ಎಗ್ಸಾಸ್ಟಿನ ದಾರಿಯಿಂದ ಹಿಮ್ಮೆಟ್ಟಿ ಸಿಲಿಂಡರಿಗೇ ಇಳಿದೀತು.

ಆಮೇಲೆ ಎಲ್ಲ ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ, ಸಾಲಾಗಿ ಇಟ್ಟುಕೊಳ್ಳಿ. ಪ್ಲಗ್ಗಿನ ತುದಿ ಕಾಫಿಪುಡಿಯ ಬಣ್ಣಕ್ಕಿದ್ದರೆ ನೆಮ್ಮದಿ. ಸುಣ್ಣದಂತೆ ಬೆಳ್ಳಗಿದ್ದು, ಮೇಲೆ ಸಾಸಿವೆಗಿಂತ ಸಣ್ಣ ಲೋಹದ ಮಣಿಗಳು ಅಂಟಿದ್ದರೆ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಹಾರಿದೆ ಎಂದರ್ಥ. ಆಗ ಗೇಜು ಹಚ್ಚುವ ಶ್ರಮವೂ ಬೇಡ. ಬಿಚ್ಚಿದ ಪ್ಲಗ್ ವೈರುಗಳನ್ನು ಹಾಗೇ ನೇತಾಡಲು ಬಿಡಬೇಡಿ, ಅರ್ತ್ ಮಾಡಿ. ಇಲ್ಲದಿದ್ದರೆ ತೂತಿನಿಂದ ಹೊರಚಿಮ್ಮುವ ಪೆಟ್ರೋಲಿಗೆ ಕಿಡಿ ತಗುಲಬಹುದು. ಇಗ್ನಿಷನ್ ಯೂನಿಟ್ಟೂ ಸುಟ್ಟುಹೋಗಬಹುದು.

ಗೇಜನ್ನು ಮೊದಲ ಸಿಲಿಂಡರಿನ ಪ್ಲಗ್ ತೂತಿಗೆ ತಿರುಪಿ, ಥ್ರಾಟಲ್ ಪೂರ್ತಿ ಒತ್ತಿ ಹಿಡಿದು, ಸೆಲ್ಫ್ ಹೊಡೆಯಿರಿ. ಥ್ರಾಟಲ್ ಮುಚ್ಚಿದ್ದರೆ ಒಳಗೆ ಹೋಗಲು ಗಾಳಿಯೇ ಇರುವುದಿಲ್ಲ, ಲೆಕ್ಕ ತಪ್ಪುತ್ತದೆ. ಮುಳ್ಳು ಇನ್ನು ಏರುವುದಿಲ್ಲ ಎನ್ನುವ ತನಕ ತಿರುಗಿಸಿದರೆ ಸಾಕು, ಕೆಲವೇ ಸೆಕೆಂಡಿನ ಕೆಲಸ. ಉಳಿದ ಸಿಲಿಂಡರುಗಳಿಗೂ ಹೀಗೇ ಮಾಡಿ.

ಮುಳ್ಳು ಎಲ್ಲಿ ನಿಂತಿತು ಎನ್ನುವಷ್ಟೇ ಅದು ಹೇಗೆ ಏರಿತು ಎನ್ನುವುದನ್ನೂ ನೋಡಬೇಕು. ಆರೋಗ್ಯವಂತ ಇಂಜಿನ್ನಿನಲ್ಲಿ ಮೊದಲ ಹೊಡೆತಕ್ಕೇ ಮುಳ್ಳು ಅರ್ಧಕ್ಕಿಂತ ಮೇಲೆ ಜಿಗಿಯುತ್ತದೆ, ಮುಂದಿನ ಎರಡು ಮೂರು ಹೊಡೆತಕ್ಕೆ ತನ್ನ ಜಾಗ ಸೇರಿ ನಿಲ್ಲುತ್ತದೆ. ರಿಂಗ್ ಸವೆದಿದ್ದರೆ ಮೆಟ್ಟಿಲು ಹತ್ತುವ ಮುದುಕನಂತೆ ತಡೆದು ತಡೆದು ಏರುತ್ತದೆ. ಕೊನೆಗೆ ಎರಡೂ ಒಂದೇ ಅಂಕಿಗೆ ಬಂದು ನಿಂತರೂ ಎರಡೂ ಒಂದೇ ಇಂಜಿನ್ ಅಲ್ಲ.

ಸಾಮಾನ್ಯ ಟೂ ಸ್ಟ್ರೋಕ್ ಜೆಟ್‌ಸ್ಕೀಯಲ್ಲಿ 150ರ ಆಸುಪಾಸು ಬಂದರೆ ಒಳ್ಳೆಯದು, 120ಕ್ಕೆ ಇಳಿದರೆ ದಣಿದಿದೆ, 100ಕ್ಕಿಂತ ಕೆಳಗಾದರೆ ಬಿಚ್ಚಲೇಬೇಕು. ಖಚಿತ ಅಂಕಿ ಆಯಾ ಮಾಡೆಲ್ಲಿನ ಮ್ಯಾನುಯಲ್‌ನಲ್ಲಿರುತ್ತದೆ. ನಾನಾದರೋ ಅಂಕಿಗಿಂತ ಹೊಂದಾಣಿಕೆಗೆ ಹೆಚ್ಚು ಬೆಲೆ ಕೊಡುತ್ತೇನೆ. ಸಿಲಿಂಡರುಗಳ ನಡುವಿನ ವ್ಯತ್ಯಾಸ ಶೇಕಡ 10 ದಾಟಬಾರದು. ಒಂದು ಗಾಡಿ 125, 125 ತೋರಿಸಿತು; ಇನ್ನೊಂದು 150, 118. ಎರಡರಲ್ಲಿ ಆರಿಸಿ ಎಂದರೆ ಮೊದಲನೆಯದೇ ಸೈ. ಅದು ಸಮವಾಗಿ ಸವೆದಿದೆ, ವಯಸ್ಸಾಗಿದೆ, ಅಷ್ಟೇ. ಎರಡನೆಯದರಲ್ಲಿ ಒಂದು ಸಿಲಿಂಡರಿಗೆ ಏನೋ ಆಗಿದೆ.

ಏನಾಗಿರಬಹುದು? 1990ರ ದಶಕದ ಸೀ-ಡೂ ಬ್ರ್ಯಾಂಡಿನ ಜೆಟ್‌ಸ್ಕೀಗಳಲ್ಲಿ ಬೂದುಬಣ್ಣದ ಪೆಟ್ರೋಲ್ ಪೈಪುಗಳಿದ್ದವು. ವರ್ಷ ಕಳೆದಂತೆ ಅವು ಒಳಗಿನಿಂದ ಕರಗಿ ಹಸಿರು ಅಂಟಾಗಿ, ಕಾರ್ಬುರೇಟರಿನ ಸಣ್ಣ ಜಾಲರಿಗೆ ಕೂತುಬಿಡುತ್ತಿದ್ದವು. ಪೆಟ್ರೋಲು ಕಡಿಮೆಯಾಯಿತು ಎಂದರೆ ಟೂ ಸ್ಟ್ರೋಕಿನಲ್ಲಿ ಉರಿಯ ಕಾವು ಏರುತ್ತದೆ, ಪಿಸ್ಟನ್ ಹಿಗ್ಗಿ ಸೀಜ್ ಆಗುತ್ತದೆ. ಬರೀ ಪಿಸ್ಟನ್ ಬದಲಾಯಿಸಿ ಪೈಪು ಬಿಟ್ಟರೆ ಹೊಸ ಪಿಸ್ಟನ್ನಿಗೂ ಅದೇ ಗತಿ. ಆದ್ದರಿಂದ ಕಂಪ್ರೆಷನ್ ಚೆನ್ನಾಗಿ ಬಂದರೂ ಬೂದು ಪೈಪು ಕಂಡರೆ ಚೌಕಾಸಿಗೆ ಅದೊಂದು ಒಳ್ಳೆಯ ಕಾರಣ.

ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುವುದುಂಟು. ಎಣ್ಣೆ ರಿಂಗಿನ ಸಂದಿ ತುಂಬುತ್ತದೆ. ಅಂಕಿ ಚೆನ್ನಾಗಿ ಏರಿದರೆ ದೋಷ ರಿಂಗಿನದೋ ಬೋರಿನದೋ. ಏರದಿದ್ದರೆ ಹೆಡ್ ಗ್ಯಾಸ್ಕೆಟ್, ಫೋರ್ ಸ್ಟ್ರೋಕಾದರೆ ವಾಲ್ವು. ಈ ಉಪಾಯ ಮಾರುವವನಿಗೂ ಗೊತ್ತು ನೋಡಿ! ಹಿಂದಿನ ರಾತ್ರಿಯೇ ಪ್ಲಗ್ ತೂತಿಗೆ ಎಣ್ಣೆ ಬಿಟ್ಟಿದ್ದರೆ ಬೆಳಿಗ್ಗೆ ಮುಳ್ಳು ಠೀವಿಯಿಂದ ಏರುತ್ತದೆ. ಅದಕ್ಕೇ ನಿಮ್ಮ ಕಣ್ಣೆದುರೇ ಇಂಜಿನ್ ಓಡಿಸಿ, ಆ ಎಣ್ಣೆ ಸುಟ್ಟು ಹೊಗೆಯಾದ ಮೇಲೆ ಅಳೆಯಬೇಕು. ಗೇಜೂ ನಿಮ್ಮದೇ ಇರಲಿ. ಔಟ್‌ಬೋರ್ಡ್ ಇಂಜಿನ್ ರಿಪೇರಿ ಮಾಡಿ ಪಳಗಿದ ಮೆಕ್ಯಾನಿಕ್ ಜೊತೆಗಿದ್ದರೆ ಇನ್ನೂ ಮೇಲು. ನಾಡದೋಣಿಯ ಇಂಜಿನ್ನುಗಳಿಗೂ ಇದೇ ಪರೀಕ್ಷೆ.

ಬೆಂಗಳೂರಿನಲ್ಲಿ ಗಾಡಿ ನೋಡುವವರಿಗೆ ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡವೇ ಹತ್ತಿರಹತ್ತಿರ ಶೇಕಡ 10 ಕಡಿಮೆ. ಮಲ್ಪೆಯಲ್ಲಿ 150 ತೋರಿಸುವ ಇಂಜಿನ್ ಅಲ್ಲಿ 135 ತೋರಿಸಿದರೆ ಗಾಬರಿ ಬೇಡ. ಮಾರುವವನೂ ಅದೇ ನೆಪ ಹೇಳಿ 110ನ್ನು ಒಪ್ಪಿಸಲು ನೋಡಿದರೆ ಮಾತ್ರ ಕೇಳಬೇಡಿ.

2002ರಿಂದೀಚೆಗೆ ಯಮಹಾ, ಹೋಂಡಾ, ಸೀ-ಡೂ ಎಲ್ಲರೂ ಫೋರ್ ಸ್ಟ್ರೋಕಿಗೆ ಬಂದರು. ಅಲ್ಲಿ ಅಂಕಿಗಳ ಲೆಕ್ಕ ಬೇರೆ. ಸೂಪರ್‌ಚಾರ್ಜರ್ ಇರುವ ಇಂಜಿನ್ನಿನಲ್ಲಿ ಕಂಪ್ರೆಷನ್ ಅನುಪಾತವನ್ನು ಬೇಕೆಂದೇ ಕಡಿಮೆ ಇಟ್ಟಿರುತ್ತಾರೆ, ಗೇಜೂ ಕಡಿಮೆ ತೋರಿಸುತ್ತದೆ, ಅದು ದೋಷವಲ್ಲ. ಆದರೆ 2000ರ ದಶಕದ ಸೂಪರ್‌ಚಾರ್ಜರ್ ಸೀ-ಡೂಗಳಿಗೆ ಬೇರೊಂದು ಕಾಯಿಲೆಯಿದೆ, ಅದನ್ನು ಕಂಪ್ರೆಷನ್ ಗೇಜು ತೋರಿಸುವುದಿಲ್ಲ. ಸೂಪರ್‌ಚಾರ್ಜರಿನ ಒಳಗಿನ ಸೆರಾಮಿಕ್ ವಾಷರುಗಳು ಒಡೆದು, ಚೂರುಗಳು ಆಯಿಲ್ ಜೊತೆ ಇಂಜಿನ್ನಿಗೇ ಸೇರುತ್ತಿದ್ದವು. ಮುಳ್ಳು ಎಷ್ಟೇ ಚೆಂದ ಏರಲಿ, ಅಂಥ ಗಾಡಿಗೆ ಲೋಹದ ವಾಷರ್ ಹಾಕಿಸಿದ ಬಿಲ್ಲು ಕೇಳಿ. ಬಿಲ್ಲು ಇಲ್ಲದಿದ್ದರೆ ಆ ರಿಪೇರಿಯ ಖರ್ಚನ್ನು ಮುರಿದುಕೊಂಡೇ ಬೆಲೆ ಮಾತಾಡಿ.