ಯೆಹೂದ್ಯರ ದಿನನಿತ್ಯದ ಪ್ರಾರ್ಥನೆಗಳು ಮತ್ತು ಅವುಗಳ ಅರ್ಥ

(ನಮ್ಮ ದೇವಾಲಯದ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ವಿಚಾರಣಾ ಗುರುಗಳು ನೀಡಿದ ಭಾಷಣದ ಪೂರ್ಣಪಾಠ)



ದೇವಾಲಯದ ನೂರು ವರ್ಷಗಳ ಸಂಭ್ರಮದಲ್ಲಿ ಯೆಹೂದ್ಯರ ಪ್ರಾರ್ಥನೆಯ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ನಾವು ಕೊಡುವ ಉತ್ತರ ಸರಳವಾದುದು. ಈ ನೂರು ವರ್ಷಗಳಲ್ಲಿ ಈ ಗೋಡೆಗಳ ನಡುವೆ ನಾವು ಮಾಡಿದ ಮುಖ್ಯ ಕೆಲಸ ಪ್ರಾರ್ಥನೆಯೇ. ಆ ಪ್ರಾರ್ಥನೆಯನ್ನು ನಮಗೆ ಕಲಿಸಿದ ಯೇಸುಸ್ವಾಮಿ ತಾವು ಬಾಲಕರಾಗಿದ್ದಾಗ ಪ್ರಾರ್ಥನೆಯನ್ನು ಕಲಿತದ್ದು ಒಂದು ಯೆಹೂದ್ಯ ಮನೆಯಲ್ಲಿ, ಮಾತೆ ಮರಿಯಮ್ಮನವರ ಮತ್ತು ಸಂತ ಜೋಸೆಫರ ಬಾಯಿಂದ. ಸಬ್ಬತ್ ದಿನ ಪ್ರಾರ್ಥನಾ ಮಂದಿರಕ್ಕೆ ಹೋಗುವುದು ಅವರ ವಾಡಿಕೆಯಾಗಿತ್ತೆಂದು ಸಂತ ಲೂಕರು ಸ್ಪಷ್ಟವಾಗಿ ಬರೆದಿದ್ದಾರೆ. ಅವರು ಪುನರುತ್ಥಾನರಾದ ಮೇಲೂ ಪೇತ್ರ ಮತ್ತು ಯೊವಾನ್ನರು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನಾ ಹೊತ್ತಿಗೆ ಜೆರುಸಲೇಮಿನ ದೇವಾಲಯಕ್ಕೆ ಹೊರಟಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ತಾಯಿಬೇರನ್ನು ಅರಿಯದೆ ಮರವನ್ನು ಅರಿಯುವುದೆಂತು?

ಭಕ್ತ ಯೆಹೂದ್ಯನು ದಿನಕ್ಕೆ ಮೂರು ಬಾರಿ ಪ್ರಾರ್ಥಿಸುತ್ತಾನೆ. ಮುಂಜಾನೆಯ ಪ್ರಾರ್ಥನೆಗೆ ಶಹರಿತ್, ಮಧ್ಯಾಹ್ನದ್ದಕ್ಕೆ ಮಿನ್ಹಾ, ಸಂಜೆಯದ್ದಕ್ಕೆ ಮಾರಿವ್ ಎಂದು ಹೆಸರು. ಅಬ್ರಹಾಮ, ಇಸಾಕ, ಯಕೋಬರು ಒಬ್ಬೊಬ್ಬರು ಒಂದೊಂದನ್ನು ಆರಂಭಿಸಿದರೆಂಬುದು ಅವರಲ್ಲಿ ಪ್ರಚಲಿತವಾಗಿರುವ ಒಂದು ಅಭಿಪ್ರಾಯ. ಜೆರುಸಲೇಮಿನ ದೇವಾಲಯದಲ್ಲಿ ಪ್ರತಿದಿನ ಬೆಳಿಗ್ಗೆ ಮತ್ತು ಮಧ್ಯಾಹ್ನ ಅರ್ಪಿಸುತ್ತಿದ್ದ ಬಲಿಗಳಿಗೆ ಅನುಗುಣವಾಗಿ ಇವು ಬಂದವೆಂಬುದು ಇನ್ನೊಂದು. ಕ್ರಿ.ಶ. ೭೦ರಲ್ಲಿ ರೋಮನರು ಆ ದೇವಾಲಯವನ್ನು ಸುಟ್ಟು ಕೆಡವಿದ ಮೇಲೆ ಬಲಿಪೀಠವಿಲ್ಲದ ಆ ಜನಕ್ಕೆ ತುಟಿಗಳ ಪ್ರಾರ್ಥನೆಯೇ ಬಲಿಯಾಯಿತು. ನಮ್ಮ ಗೋಪುರದ ಗಂಟೆಯೂ ದಿನಕ್ಕೆ ಮೂರು ಬಾರಿ ತ್ರಿಕಾಲ ಪ್ರಾರ್ಥನೆಗೆ ಬಾರಿಸುತ್ತದೆಯಲ್ಲವೇ? ಪ್ರೇಷಿತರ ಕಾಲಕ್ಕೆ ತೀರ ಸಮೀಪದ ‘ದಿದಾಖೆ’ ಎಂಬ ಕಿರುಗ್ರಂಥವು ಪರಲೋಕ ಮಂತ್ರವನ್ನು ದಿನಕ್ಕೆ ಮೂರು ಸಲ ಹೇಳಬೇಕೆಂದು ಕ್ರೈಸ್ತರಿಗೆ ವಿಧಿಸುತ್ತದೆ. ಈ ‘ಮೂರು’ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಈ ಎಲ್ಲ ಪ್ರಾರ್ಥನೆಗಳ ತಿರುಳು ‘ಶೆಮಾ’. ಹೀಬ್ರೂ ಭಾಷೆಯಲ್ಲಿ ಈ ಮಾತಿಗೆ ‘ಕೇಳು’ ಎಂದರ್ಥ. ಇಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಪ್ರಾರ್ಥನೆಯೆಂದರೆ ನಾವು ಮಾತಾಡುವುದು, ದೇವರು ಕೇಳುವುದು ಎಂದೇ ನಮ್ಮ ತಿಳಿವಳಿಕೆ. ಯೆಹೂದ್ಯನ ದಿನದ ಮೊದಲ ದೊಡ್ಡ ಪ್ರಾರ್ಥನೆಯಾದರೋ ಇಸ್ರಯೇಲನ್ನೇ ಕೂಗಿ ‘ನೀನು ಕೇಳು’ ಎನ್ನುತ್ತದೆ. ಕಟ್ಟುನಿಟ್ಟಾಗಿ ನೋಡಿದರೆ ಅದು ಪ್ರಾರ್ಥನೆಯೇ ಅಲ್ಲ, ಏಕೆಂದರೆ ಅದರಲ್ಲಿ ಬೇಡಿಕೆಯೊಂದೂ ಇಲ್ಲ. ಧರ್ಮೋಪದೇಶಕಾಂಡದಿಂದ ಎರಡು ಮತ್ತು ಸಂಖ್ಯಾಕಾಂಡದಿಂದ ಒಂದು ಭಾಗವನ್ನು ಆಯ್ದು ಅದನ್ನು ಜೋಡಿಸಿದ್ದಾರೆ. ದೇವರು ಒಬ್ಬರೇ ಎಂದು ಸಾರಿ, ಅವರನ್ನು ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ, ಪೂರ್ಣ ಶಕ್ತಿಯಿಂದ ಪ್ರೀತಿಸಲು ಅದು ಆಜ್ಞಾಪಿಸುತ್ತದೆ. ಈ ಮಾತುಗಳನ್ನು ಮಕ್ಕಳಿಗೆ ಕಲಿಸಬೇಕು, ಮನೆಯಲ್ಲಿ ಕುಳಿತಾಗ, ದಾರಿಯಲ್ಲಿ ನಡೆವಾಗ, ಮಲಗುವಾಗ, ಏಳುವಾಗ ಇವುಗಳನ್ನೇ ಆಡಬೇಕು, ಕೈಗೂ ಹಣೆಗೂ ಕಟ್ಟಿಕೊಳ್ಳಬೇಕು, ಬಾಗಿಲ ನಿಲುವಿನ ಮೇಲೆ ಬರೆಯಬೇಕು ಎಂದು ಮುಂದಕ್ಕೆ ಹೇಳುತ್ತದೆ. ಯೆಹೂದ್ಯರು ಇದನ್ನು ಅಕ್ಷರಶಃ ಪಾಲಿಸುತ್ತಾರೆ. ವಾರದ ದಿನಗಳ ಮುಂಜಾನೆ ಈ ವಾಕ್ಯಗಳನ್ನು ಬರೆದಿಟ್ಟ ಚಿಕ್ಕ ಚರ್ಮದ ಪೆಟ್ಟಿಗೆಗಳನ್ನು ತೋಳಿಗೂ ಹಣೆಗೂ ಕಟ್ಟಿಕೊಳ್ಳುತ್ತಾರೆ. ಬಾಗಿಲ ಬದಿಯಲ್ಲಿ ಅದೇ ವಾಕ್ಯಗಳಿರುವ ಸುರುಳಿಯನ್ನು ಜಡಿದಿರುತ್ತಾರೆ. ಮೊದಲ ಸಾಲನ್ನು ಉಚ್ಚರಿಸುವಾಗ ಬೇರೇನೂ ಕಾಣದಿರಲೆಂದು ಬಲಗೈಯಿಂದ ಕಣ್ಣು ಮುಚ್ಚಿಕೊಳ್ಳುವುದು ವಾಡಿಕೆ.

ಅತಿ ಮುಖ್ಯವಾದ ಆಜ್ಞೆ ಯಾವುದೆಂದು ಧರ್ಮಶಾಸ್ತ್ರಿಯೊಬ್ಬನು ಕೇಳಿದಾಗ ಯೇಸುಸ್ವಾಮಿ ಹೊಸದೇನನ್ನೂ ಹೇಳಲಿಲ್ಲ. ಆ ಮನುಷ್ಯನು ಅಂದು ಬೆಳಿಗ್ಗೆ ಪಠಿಸಿದ್ದ ಶೆಮಾವನ್ನೇ ಅವನ ಮುಂದಿಟ್ಟರು, ಅದರೊಡನೆ ನೆರೆಯವನ ಮೇಲಣ ಪ್ರೀತಿಯನ್ನೂ ಸೇರಿಸಿದರು. ಸಂತ ಮಾರ್ಕರ ಹನ್ನೆರಡನೆಯ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ.

ಸಂಜೆಯ ಶೆಮಾವನ್ನು ಎಷ್ಟು ಹೊತ್ತಿನಿಂದ ಪಠಿಸಬಹುದು ಎಂಬ ಪ್ರಶ್ನೆಯಿಂದಲೇ ಯೆಹೂದ್ಯರ ನ್ಯಾಯಸಂಗ್ರಹವಾದ ಮಿಶ್ನಾ ಆರಂಭವಾಗುತ್ತದೆ. ನಡುರಾತ್ರಿಯೊಳಗೆ ಹೇಳಿ ಮುಗಿಸಬೇಕೆಂದು ಪಂಡಿತರು ನಿಯಮಿಸಿದ್ದರು. ರಬ್ಬಾನ್ ಗಮಲಿಯೇಲರ ಮಕ್ಕಳು ಒಮ್ಮೆ ಔತಣದ ಮನೆಯಿಂದ ತಡವಾಗಿ ಬಂದು, ತಾವಿನ್ನೂ ಶೆಮಾ ಹೇಳಿಲ್ಲವೆಂದು ತಂದೆಗೆ ತಿಳಿಸಿದರಂತೆ. ತಂದೆ ಗದರಲಿಲ್ಲ. ಬೆಳಗು ಮೂಡಿಲ್ಲವಾದರೆ ಹೇಳುವ ಹೊಣೆ ಇನ್ನೂ ಇದೆ ಎಂದಷ್ಟೇ ನುಡಿದರು. ಮದುವೆ ಮನೆಯಿಂದ ಬಂದು ಜಪಸರ ಮರೆತು ಮಲಗುವ ನಮ್ಮ ಯುವಕರು ಈ ಮಕ್ಕಳಿಂದ ಕಲಿಯಬಹುದು. ಗದರಿ ಗದರಿ ಮಕ್ಕಳಿಗೆ ಪ್ರಾರ್ಥನೆಯೆಂದರೆ ಬೇಸರ ತರಿಸುವ ತಂದೆತಾಯಿಗಳು ಗಮಲಿಯೇಲರಿಂದ ಕಲಿಯಬಹುದು.

ಇದೇ ಮಾತುಗಳನ್ನು ಹೇಳುತ್ತಾ ಸತ್ತವರೂ ಉಂಟು. ಕ್ರಿ.ಶ. ೧೩೫ರ ಸುಮಾರಿಗೆ ರೋಮನರು ರಬ್ಬಿ ಅಕಿವರನ್ನು ಕಬ್ಬಿಣದ ಬಾಚಣಿಗೆಗಳಿಂದ ಚರ್ಮ ಸುಲಿದು ಕೊಂದರು. ಅದು ಶೆಮಾದ ಹೊತ್ತಾಗಿತ್ತೆಂದು ತಾಲ್ಮೂದ್ ಹೇಳುತ್ತದೆ. ಪೂರ್ಣ ಪ್ರಾಣದಿಂದ ದೇವರನ್ನು ಪ್ರೀತಿಸುವುದು ಹೇಗೆಂದು ಜೀವಮಾನವೆಲ್ಲ ತಾವು ಯೋಚಿಸಿದ್ದು, ಈಗ ಅದಕ್ಕೆ ಅವಕಾಶ ಬಂದಿದೆಯೆಂದು ಶಿಷ್ಯರಿಗೆ ಹೇಳಿ, ದೇವರು ‘ಒಬ್ಬರೇ’ ಎಂಬ ಪದವನ್ನು ಎಳೆದೆಳೆದು ಉಚ್ಚರಿಸುತ್ತಾ ಪ್ರಾಣಬಿಟ್ಟರಂತೆ.

ಬೇಡಿಕೆಗಳೆಲ್ಲ ಬರುವುದು ಎರಡನೆಯ ದೊಡ್ಡ ಪ್ರಾರ್ಥನೆಯಾದ ‘ಅಮಿದಾ’ದಲ್ಲಿ. ಈ ಪದದ ಅರ್ಥವೇ ನಿಂತು ಮಾಡುವುದು. ಅರಸನ ಸನ್ನಿಧಿಗೆ ಬಂದವರಂತೆ ಮೂರು ಹೆಜ್ಜೆ ಮುಂದಿಟ್ಟು, ಜೆರುಸಲೇಮಿನ ಕಡೆಗೆ ಮುಖಮಾಡಿ, ಪಾದಗಳನ್ನು ಜೋಡಿಸಿ, ತುಟಿಯಲ್ಲಷ್ಟೇ ಪಠಿಸುತ್ತಾರೆ. ಶಿಲೋವಿನಲ್ಲಿ ತುಟಿ ಮಾತ್ರ ಅಲುಗಿಸುತ್ತಾ ಮಗುವಿಗಾಗಿ ಬೇಡಿದ ಹನ್ನಳೇ ಇದಕ್ಕೆ ಮಾದರಿ. ಕುಡಿದಿದ್ದಾಳೆಂದು ಯಾಜಕ ಏಲಿ ತಪ್ಪು ತಿಳಿದದ್ದು ಅವಳನ್ನೇ. ಮನೆಯ ನೋವನ್ನು ಹೊತ್ತು ಬಂದ ಹೆಣ್ಣೊಬ್ಬಳಿಂದ ಪಂಡಿತರೇ ಪ್ರಾರ್ಥನೆಯ ರೀತಿಯನ್ನು ಕಲಿತರೆಂಬುದು ನಮ್ಮಂಥ ಯಾಜಕರು ಮನಸ್ಸಿನಲ್ಲಿಡಬೇಕಾದ ಸಂಗತಿ.

ಇದಕ್ಕೆ ‘ಹದಿನೆಂಟು’ ಎಂಬ ಹೆಸರೂ ಇದೆ, ಈಗಿರುವ ಸ್ತುತಿಗಳಾದರೋ ಹತ್ತೊಂಬತ್ತು. ಮೊದಲ ಮೂರು ಹೊಗಳಿಕೆ, ಕೊನೆಯ ಮೂರು ಆರಾಧನೆ ಮತ್ತು ಕೃತಜ್ಞತೆ, ನಡುವಿನ ಹದಿಮೂರು ಬೇಡಿಕೆ. ಬೇಡಿಕೆಗಳ ಕ್ರಮವನ್ನು ಗಮನಿಸಿರಿ. ಮೊದಲು ವಿವೇಕ, ಆಮೇಲೆ ಪಶ್ಚಾತ್ತಾಪ, ಆಮೇಲೆ ಕ್ಷಮೆ. ರೋಗ ಗುಣವಾಗಲಿ, ಬೆಳೆ ಚೆನ್ನಾಗಿ ಬರಲಿ ಎಂಬುವು ಅನಂತರ. ನಾವು ಹೆಚ್ಚಾಗಿ ಇದನ್ನು ತಲೆಕೆಳಗಾಗಿ ಮಾಡುತ್ತೇವೆ. ಇನ್ನೊಂದು ವಿಷಯವೆಂದರೆ ಇಲ್ಲಿನ ಬೇಡಿಕೆಗಳು ‘ನನಗೆ’ ಎನ್ನುವುದಿಲ್ಲ, ‘ನಮಗೆ’ ಎನ್ನುತ್ತವೆ. ಪರಲೋಕ ಮಂತ್ರದಲ್ಲಿಯೂ ಹಾಗೆಯೇ. ಸಬ್ಬತ್ ದಿನದಲ್ಲಾದರೋ ನಡುವಿನ ಹದಿಮೂರನ್ನೂ ಬಿಟ್ಟುಬಿಡುತ್ತಾರೆ. ವಾರಕ್ಕೊಂದು ದಿನ ದೇವರ ಮುಂದೆ ಅರ್ಜಿ ಹಿಡಿಯದೆ ನಿಲ್ಲುವ ಪದ್ಧತಿ ಇದು.

ಹತ್ತೊಂಬತ್ತನೆಯದಾಗಿ ಸೇರಿದ ಸ್ತುತಿಯ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಅದು ಭಿನ್ನಮತೀಯರ ವಿರುದ್ಧ ರಚಿತವಾದುದು. ಕೈರೋ ನಗರದ ಹಳೆಯ ಪ್ರಾರ್ಥನಾ ಮಂದಿರದಲ್ಲಿ ದೊರೆತ ಕೆಲವು ಪ್ರತಿಗಳಲ್ಲಿ ನಜರೇನರು, ಅಂದರೆ ಕ್ರೈಸ್ತರು, ಎಂಬ ಮಾತೂ ಇದೆ. ಇದನ್ನು ಕೇಳಿ ನೊಂದುಕೊಳ್ಳುವ ಮುನ್ನ ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಶುಭ ಶುಕ್ರವಾರದ ವಿಧಿಯಲ್ಲಿ ನಾವು ಶತಮಾನಗಳ ಕಾಲ ಯೆಹೂದ್ಯರನ್ನು ವಿಶ್ವಾಸಹೀನರೆಂದು ಕರೆದು ಅವರಿಗಾಗಿ ಪ್ರಾರ್ಥಿಸಿದೆವು. ಜಗದ್ಗುರು ಇಪ್ಪತ್ತಮೂರನೆಯ ಜಾನ್‌ರವರು ೧೯೫೯ರಲ್ಲಿ ಆ ಪದವನ್ನು ತೆಗೆಸಿದರು. ೧೯೬೫ರ ಅಕ್ಟೋಬರ್ ೨೮ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ‘ನೋಸ್ತ್ರಾ ಏತಾತೆ’ ಘೋಷಣೆಯ ಮೂಲಕ, ಕ್ರಿಸ್ತರ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದೆಂದು ಸಾರಿತು. ೧೯೮೬ರ ಏಪ್ರಿಲ್ ೧೩ರಂದು ಜಗದ್ಗುರು ಎರಡನೆಯ ಜಾನ್ ಪಾಲ್‌ರವರು ರೋಮಿನ ಯೆಹೂದ್ಯ ಮಂದಿರಕ್ಕೆ ತೆರಳಿ ಅವರನ್ನು ಹಿರಿಯ ಸಹೋದರರೆಂದು ಕರೆದರು. ಪ್ರಾರ್ಥನೆಯೊಳಗೆ ಸೇರಿದ ಕಹಿ ಬಹುಕಾಲ ನಿಲ್ಲುತ್ತದೆ. ಮೊಣಕಾಲೂರಿ ಹೇಳಿದ ಮಾತನ್ನು ಯಾರೂ ಪ್ರಶ್ನಿಸುವುದಿಲ್ಲವಷ್ಟೆ. ನಮ್ಮ ಶುಭ ಶುಕ್ರವಾರದ ಉಪದೇಶಗಳಲ್ಲಿ ಇಂದಿಗೂ ‘ಯೆಹೂದ್ಯರು ಕೊಂದರು’ ಎಂಬ ಮಾತು ನುಸುಳುವುದುಂಟು. ಅದು ನಿಲ್ಲಬೇಕು.

ಇನ್ನು ಅರ್ಥದ ವಿಚಾರ. ಪ್ರಾರ್ಥನೆಯನ್ನು ಬರಿಯ ವಾಡಿಕೆಯ ಕೆಲಸವನ್ನಾಗಿ ಮಾಡಿಕೊಂಡರೆ ಅದು ಬಿನ್ನಹವೆನಿಸದು ಎಂಬುದು ಮಿಶ್ನಾದಲ್ಲಿ ಬರುವ ರಬ್ಬಿ ಎಲಿಯೇಜರರ ಅಭಿಪ್ರಾಯ. ಮನಸ್ಸನ್ನು ದೇವರ ಕಡೆಗೆ ತಿರುಗಿಸುವ ಈ ಏಕಾಗ್ರತೆಗೆ ಅವರು ‘ಕವ್ವಾನಾ’ ಎನ್ನುತ್ತಾರೆ. ಹನ್ನೆರಡನೆಯ ಶತಮಾನದ ಮಹಾಪಂಡಿತ ಮೈಮೊನಿದೆಸರು ಕವ್ವಾನಾ ಇಲ್ಲದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ ಎಂದು ವಿಧಿಸಿದರು. ಶೆಮಾ ಮತ್ತು ಅಮಿದಾಗಳನ್ನು ಯಾವ ಭಾಷೆಯಲ್ಲಾದರೂ ಹೇಳಬಹುದೆಂದು ಮಿಶ್ನಾ ಅನುಮತಿ ನೀಡಿದೆ. ಮಹಾಸಭೆಯ ನಂತರ ಲತೀನ್ ಹೋಗಿ ಬಲಿಪೂಜೆ ಕನ್ನಡಕ್ಕೆ ಬಂದಾಗ ತಳಮಳಗೊಂಡ ನಮ್ಮ ಹಿರಿಯರಿಗೆ ಇದು ತಿಳಿದಿದ್ದರೆ ಸಮಾಧಾನವಾಗುತ್ತಿತ್ತೇನೋ.

ಆದರೆ ಇದೇ ಮಾತಿಗೆ ಇನ್ನೊಂದು ಮುಖವೂ ಇದೆ. ಅದು ದೊರಕುವುದು ನಮ್ಮ ಪಶ್ಚಿಮ ಕರಾವಳಿಯ ಕೊಂಕಣದಲ್ಲಿಯೇ. ಅಲ್ಲಿನ ಹಳ್ಳಿಗಳಲ್ಲಿ ಬೆನೆ ಇಸ್ರಯೇಲರೆಂಬ ಯೆಹೂದ್ಯರು ಗಾಣದಿಂದ ಎಣ್ಣೆ ತೆಗೆದು ಬಾಳುತ್ತಿದ್ದರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’ ಎಂದೇ ಕರೆದರು. ಉಳಿದ ಯೆಹೂದ್ಯ ಲೋಕದಿಂದ ದೂರವಾಗಿ, ಮರಾಠಿಯನ್ನು ಮನೆಮಾತಾಗಿಸಿಕೊಂಡು, ಹೀಬ್ರೂ ಭಾಷೆಯನ್ನು ಅವರು ಮರೆತಿದ್ದರು, ಅವರ ಬಳಿ ಧರ್ಮಗ್ರಂಥವೂ ಉಳಿದಿರಲಿಲ್ಲ. ಬೇರೆ ಯೆಹೂದ್ಯರು ಅವರನ್ನು ಕಂಡುಕೊಂಡಾಗ ಸಬ್ಬತ್, ಸುನ್ನತಿ ಮತ್ತು ಆಹಾರನಿಯಮಗಳೊಡನೆ ಅವರಲ್ಲಿ ಉಳಿದಿದ್ದ ಪ್ರಾರ್ಥನೆಯೆಂದರೆ ಶೆಮಾ. ಮದುವೆಯಲ್ಲೂ ಮರಣದಲ್ಲೂ ಅದನ್ನೇ ಹೇಳುತ್ತಿದ್ದರು. ಭಾಷೆ ಮರೆತ ಆ ಬಾಯಿಪಾಠವೇ ಅವರನ್ನು ಅವರ ಜನಕ್ಕೆ ಮರಳಿಸಿತು. ಆದ್ದರಿಂದ ಅರ್ಥ ತಿಳಿಯದೆ ಲತೀನ್ ಪ್ರಾರ್ಥನೆಗಳನ್ನು ಉರುಹೊಡೆದು ನಮಗೆ ದಾಟಿಸಿದ ಅಜ್ಜಿಯಂದಿರನ್ನು ಹಗುರವಾಗಿ ಕಾಣಲು ನಾವು ಒಪ್ಪುವುದಿಲ್ಲ. ಅವರಿಗೆ ಅರ್ಥ ತಿಳಿಯುವ ಅವಕಾಶವಿರಲಿಲ್ಲ. ಕನ್ನಡದಲ್ಲೇ ಪ್ರಾರ್ಥಿಸುತ್ತಾ ಅರ್ಥದ ಕಡೆ ಲಕ್ಷ್ಯ ಕೊಡದ ನಮ್ಮ ಸ್ಥಿತಿ ಬೇರೆ. ಐವತ್ಮೂರು ಮಣಿ ಎಷ್ಟು ನಿಮಿಷಕ್ಕೆ ಮುಗಿಯಿತೆಂದು ಗಡಿಯಾರ ನೋಡುವವರು ಅಜ್ಜಿಯರಲ್ಲ.

ಸಣ್ಣಪುಟ್ಟ ಸ್ತುತಿಗಳ ಬಗ್ಗೆ ಒಂದೇ ಮಾತು. ದಿನಕ್ಕೆ ನೂರು ಬಾರಿ ದೇವರನ್ನು ಸ್ತುತಿಸಬೇಕೆಂಬುದು ಅವರ ಹಿರಿಯರ ಬೋಧನೆ. ರೊಟ್ಟಿಗೊಂದು, ಹಣ್ಣಿಗೊಂದು, ಗುಡುಗಿಗೊಂದು. ಬಲಿಪೂಜೆಯಲ್ಲಿ ರೊಟ್ಟಿ ದ್ರಾಕ್ಷಾರಸಗಳನ್ನು ಅರ್ಪಿಸುವಾಗ ಗುರುಗಳು ಈಗ ಹೇಳುವ ಪ್ರಾರ್ಥನೆಯೂ ಇದೇ ಊಟದ ಸ್ತುತಿಯ ಅಚ್ಚಿನಲ್ಲಿದೆ. ಶೌಚಕ್ಕೆ ಹೋಗಿ ಬಂದ ಮೇಲೂ, ದೇಹದ ರಂಧ್ರಗಳನ್ನು ಜಾಣ್ಮೆಯಿಂದ ನಿರ್ಮಿಸಿದ್ದಕ್ಕಾಗಿ ಒಂದು ಸ್ತುತಿ ಇದೆ. ನಗಬೇಡಿರಿ. ಆಸ್ಪತ್ರೆಯಲ್ಲಿ ನಳಿಗೆ ಹಾಕಿಸಿಕೊಂಡು ಮಲಗಿರುವ ರೋಗಿಗಳನ್ನು ಕಂಡು ಬಂದ ದಿನ ಅದು ನಗುವ ಮಾತಾಗಿ ನಮಗೆ ತೋರುವುದಿಲ್ಲ.

ಕೊನೆಯದಾಗಿ, ಮೃತರಿಗಾಗಿ ಹೇಳುವ ‘ಕದ್ದಿಶ್’. ತಂದೆಯೋ ತಾಯಿಯೋ ತೀರಿಕೊಂಡರೆ ಮಗನು ಹನ್ನೊಂದು ತಿಂಗಳು ಪ್ರತಿದಿನ ಇದನ್ನು ಹೇಳುತ್ತಾನೆ. ಇದು ಹೀಬ್ರೂ ಅಲ್ಲ, ಬಹುಪಾಲು ಅರಮಾಯಿಕ್, ಯೇಸುಸ್ವಾಮಿಯ ಆಡುಭಾಷೆ. ಸೋಜಿಗವೆಂದರೆ ಇದರಲ್ಲಿ ಸಾವಿನ ಸುದ್ದಿಯೇ ಇಲ್ಲ, ಸತ್ತವರ ಹೆಸರೂ ಇಲ್ಲ. ದೇವರ ನಾಮ ಪವಿತ್ರವಾಗಿ ಮೆರೆಯಲಿ, ಅವರ ರಾಜ್ಯ ಬೇಗನೆ ಸ್ಥಾಪನೆಯಾಗಲಿ ಎಂಬುದೇ ಅದರ ಹುರುಳು. ಪರಲೋಕ ಮಂತ್ರದ ಮೊದಲ ಬೇಡಿಕೆಗಳು ಇವೇ ಎಂದು ನೀವು ಈಗಾಗಲೇ ಗುರುತಿಸಿರಬೇಕು. ಹೆಣವನ್ನು ಮಣ್ಣಿಗಿಟ್ಟು ಬಂದ ಮಗನು, ದೇವರ ಮೇಲೆ ಮುನಿಸು ಬರಬಹುದಾದ ಆ ಹೊತ್ತಿನಲ್ಲಿಯೇ, ಎಲ್ಲರೆದುರು ದೇವರನ್ನು ಹೊಗಳಬೇಕು. ಆದರೆ ಅವನು ಒಂಟಿಯಾಗಿ ಇದನ್ನು ಹೇಳುವಂತಿಲ್ಲ. ಹತ್ತು ಮಂದಿ ಕೂಡಿರಲೇಬೇಕೆಂಬುದು ನಿಯಮ. ದುಃಖದಲ್ಲಿರುವವನು ಮನೆಬಿಟ್ಟು ಸಭೆಗೆ ಬರಬೇಕಾಗುತ್ತದೆ, ಉಳಿದ ಒಂಬತ್ತು ಮಂದಿ ತಮ್ಮ ಕೆಲಸ ಬಿಟ್ಟು ಅವನಿಗಾಗಿ ಬರಬೇಕಾಗುತ್ತದೆ. ಹನ್ನೊಂದು ತಿಂಗಳು, ಪ್ರತಿದಿನ. ನಮ್ಮಲ್ಲಿ ಏಳನೆಯ ದಿನದ ಪೂಜೆಗೆ ತುಂಬುವ ಪೀಠಗಳು ಮೂವತ್ತನೆಯ ದಿನಕ್ಕೆ ಎಷ್ಟು ತುಂಬಿರುತ್ತವೆಂಬುದನ್ನು ಇಲ್ಲಿ ಕುಳಿತಿರುವ ವಿಧವೆಯರು ಬಲ್ಲರು.