ಪಟ್ಟು ಬಿಡಿಸಿಕೊಳ್ಳುವ ವಿದ್ಯೆ



ನಮ್ಮ ಮೈಸೂರು ಸೀಮೆಯ ಮಾತಿಗೆ ಗರಡಿಮನೆಯ ಮಣ್ಣು ಎಷ್ಟು ಮೆತ್ತಿಕೊಂಡಿದೆಯೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಟ ಬಿಡದವನನ್ನು 'ಪಟ್ಟು ಹಿಡಿದ' ಎನ್ನುತ್ತೇವೆ. ಎದುರಾಳಿಯನ್ನು ಸೋಲಿಸಿದವನು 'ಮಣ್ಣು ಮುಕ್ಕಿಸಿದ'. ಚುನಾವಣೆಗೆ ನಿಂತವನು 'ತೊಡೆ ತಟ್ಟಿದ'. ಅನುಭವಸ್ಥರ ಕೈಕೆಳಗೆ ಕೆಲಸ ಕಲಿತವನು 'ಅವರ ಗರಡಿಯಲ್ಲಿ ಪಳಗಿದ'. ಇವೆಲ್ಲವೂ ಹಿಡಿಯುವವನ, ಕೆಡಹುವವನ ಮಾತುಗಳು. ಹಿಡಿತಕ್ಕೆ ಸಿಕ್ಕಿದವನು ಬಿಡಿಸಿಕೊಂಡು ಕ್ಷೇಮವಾಗಿ ಮನೆ ಸೇರಿದರೆ ಅವನಿಗೆ ಇಂಥ ಬಿರುದಿಲ್ಲ. 'ನುಣುಚಿಕೊಂಡ' ಎಂದರೆ ಅದು ಹೊಗಳಿಕೆಯಾಗುವುದಕ್ಕಿಂತ ಹೀಯಾಳಿಕೆಯೇ ಆಗುತ್ತದೆ. ಈ ದಿನ ನಾನು ಮಾತನಾಡಬೇಕೆಂದಿರುವುದು ಬಿರುದಿಲ್ಲದ ಆ ವಿದ್ಯೆಯನ್ನು ಕುರಿತು.

ನನ್ನ ಮನಸ್ಸಿನಲ್ಲಿರುವ ಶ್ರೋತೃಗಳು ಪೈಲ್ವಾನರಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರಗಳ ಸುತ್ತಣ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದು ಕಾಲೇಜಿನಲ್ಲಿ ಓದಿ, ಸಂಜೆ ತಡವಾದರೆ ಹೊತ್ತು ಮುಳುಗಿದ ಮೇಲೆ ರಸ್ತೆಯಲ್ಲಿ ಇಳಿದು, ಗದ್ದೆಯ ಬಯಲಲ್ಲಿ ಒಂದೆರಡು ಮೈಲಿ ನಡೆಯುವ ಹುಡುಗ ಹುಡುಗಿಯರನ್ನು ನೆನೆದು ಮಾತನಾಡುತ್ತಿದ್ದೇನೆ. ಪಾಠ ಹೇಳುವವನಾದ ನನಗೆ ಇಂಥವರ ಮುಖಗಳು ನಿತ್ಯದ ಪರಿಚಯ. ಸಂಜೆಯ ಕೊನೆಯ ತರಗತಿಯಲ್ಲಿ ಅವರ ಕಣ್ಣು ಕರಿಹಲಗೆಯ ಮೇಲಿರುವುದಕ್ಕಿಂತ ಕಿಟಕಿಯ ಹೊರಗಿನ ಬೆಳಕಿನ ಮೇಲೆಯೇ ಹೆಚ್ಚಾಗಿರುತ್ತದೆ. ಅದು ಪಾಠದ ಬೇಸರವೆಂದು ಮಾತ್ರ ತಿಳಿಯಬಾರದು.

ಮಲ್ಲವಿದ್ಯೆ ನಮ್ಮ ನಾಡಿಗೆ ಹೊಸತಲ್ಲ. 12ನೆಯ ಶತಮಾನದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳ ಮೇಲೆ ವಿಂಗಡಿಸಿ, ಅವರ ಆಹಾರವನ್ನೂ ಸಾಧನೆಯನ್ನೂ ವಿವರಿಸಿದ್ದಾನೆ. ಭಾರ ಎತ್ತುವುದು ಭಾರಶ್ರಮ, ನಡೆಯುವುದು ಭ್ರಮಣಶ್ರಮ, ಈಜುವುದು ಸಲಿಲಶ್ರಮ, ಕಂಬದ ಮೇಲಿನ ಕಸರತ್ತು ಸ್ತಂಭಶ್ರಮ. ಕಪಿಲೆಯ ದಂಡೆಯ ನಮ್ಮ ಹುಡುಗರಿಗೆ ಎರಡನೆಯದೂ ಮೂರನೆಯದೂ ಯಾವ ಉಸ್ತಾದನೂ ಇಲ್ಲದೆ ಬಂದಿರುವುದುಂಟು! ಗೋವಿಂದವೈದ್ಯನು 1648ರಲ್ಲಿ ರಚಿಸಿದ 'ಕಂಠೀರವ ನರಸರಾಜ ವಿಜಯ'ದಲ್ಲಿ ಶ್ರೀರಂಗಪಟ್ಟಣದ ನವರಾತ್ರಿಯ ಕುಸ್ತಿಗಳ ವರ್ಣನೆಯಿದೆ. ನಂಜನಗೂಡಿನಿಂದ ಹರಿದ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಕೂಡುವುದಕ್ಕೆ ಮುಂಚೆ ಸುತ್ತೂರನ್ನು ಹಾದುಹೋಗುತ್ತದೆಯಷ್ಟೆ. ಅಲ್ಲಿ ಪುಷ್ಯಮಾಸದ ಜಾತ್ರೆಯಲ್ಲಿ ಇಂದಿಗೂ ಕುಸ್ತಿ ಪಂದ್ಯಗಳು ನಡೆಯುತ್ತವೆ. ಸುತ್ತಣ ಊರುಗಳ ಜನ ಮಣ್ಣಿನ ಅಖಾಡದ ಸುತ್ತ ನೆರೆಯುತ್ತಾರೆ.

ಆದರೆ ಗರಡಿಯ ಕುಸ್ತಿಯನ್ನು ಹಾಗೆಯೇ ಹೊತ್ತು ತಂದು ಕತ್ತಲ ದಾರಿಯಲ್ಲಿ ನಡೆಯುವವರ ಕೈಗೆ ಕೊಡುವುದಕ್ಕಾಗುವುದಿಲ್ಲ. ಪಂದ್ಯವೆಂಬುದು ಒಪ್ಪಂದ. ದಸರೆಗೆ ಮುಂಚೆ ಮೈಸೂರಿನಲ್ಲಿ ಜೋಡಿ ಕಟ್ಟುವ ಕಾರ್ಯವೇ ಒಂದು ದೊಡ್ಡ ಸಮಾರಂಭ. ಸಮಬಲರನ್ನು ನೋಡಿ ಜೊತೆಮಾಡುತ್ತಾರೆ. ಮಟ್ಟಿಯ ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಅರಿಸಿನ ಮೊದಲಾದುವನ್ನು ಬೆರೆಸಿ ಹದಮಾಡಿರುತ್ತಾರೆ. ತೀರ್ಪುಗಾರನು ಪಕ್ಕದಲ್ಲಿಯೇ ಇರುತ್ತಾನೆ. ಕುಸ್ತಿಗಳಲ್ಲೆಲ್ಲ ಉಗ್ರವಾದುದೆಂದು ಹೆಸರಾದ ವಜ್ರಮುಷ್ಟಿ ಕಾಳಗಕ್ಕೂ ಕಟ್ಟಳೆಯುಂಟು. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡು ಇಳಿಯುವ ಜಟ್ಟಿಗಳಲ್ಲಿ ಒಬ್ಬನಿಗೆ ರಕ್ತ ಬಂದೊಡನೆ ಕಾಳಗ ನಿಲ್ಲುತ್ತದೆ. ಕತ್ತಲಲ್ಲಿ ಕೈಹಿಡಿಯುವವನು ಜೋಡಿ ನೋಡಿ ಬರುವುದಿಲ್ಲ, ಒಬ್ಬನೇ ಬರುತ್ತಾನೆಂಬ ಭರವಸೆಯಿಲ್ಲ. ಕೆಳಗಿರುವುದು ಹದಮಾಡಿದ ಮಣ್ಣಲ್ಲ, ಜಲ್ಲಿ. ಹೀಗಿರುವಲ್ಲಿ, ಎದುರಾಳಿಯನ್ನು ತಬ್ಬಿ ನೆಲಕ್ಕೆ ಕೊಂಡೊಯ್ದು ಚಿತ್ತು ಮಾಡುವ ಪೈಲ್ವಾನನ ಉತ್ತಮವಾದ ಪಟ್ಟೇ ಇಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ. ಅವನು ಒಬ್ಬನ ಮೇಲೆ ಕುಳಿತಿರುವಾಗ ಇನ್ನೊಬ್ಬನ ಕಾಲು ಅವನ ತಲೆಗೆ ಎಟುಕುತ್ತದೆ. ಪಂದ್ಯದಲ್ಲಿ ಗೆಲುವೆಂದರೆ ಎದುರಾಳಿಯ ಬೆನ್ನು ನೆಲ ಮುಟ್ಟುವುದು. ಇಲ್ಲಿ ಗೆಲುವೆಂದರೆ ನಮ್ಮ ಕಾಲು ಮನೆಯ ಹೊಸಿಲು ಮುಟ್ಟುವುದು.

ಹಾಗಾದರೆ ಗರಡಿಯಿಂದ ನಾವು ಕೇಳಿ ಪಡೆಯಬೇಕಾದುದು ಯಾವುದು? ಮೊದಲನೆಯದು ನಿಲುವು. ಪಾದಗಳೆರಡನ್ನೂ ಭುಜದಷ್ಟು ಅಗಲಿಸಿ, ಒಂದನ್ನು ಅರ್ಧ ಹೆಜ್ಜೆ ಮುಂದಿಟ್ಟು, ಮಂಡಿಗಳನ್ನು ಸ್ವಲ್ಪ ಸಡಿಲಿಸಿ ನಿಲ್ಲತಕ್ಕದ್ದು. ಮೈಯ ಭಾರ ಎರಡು ಪಾದಗಳ ನಡುವಣ ಜಾಗದೊಳಗೆ ಬೀಳುತ್ತಿರುವವರೆಗೆ ಮನುಷ್ಯನನ್ನು ಕೆಡಹುವುದು ಕಷ್ಟ. ಅದರಿಂದಾಚೆ ಹೋಯಿತೋ, ಮಗುವೂ ಬೀಳಿಸಬಲ್ಲುದು. ಬಸ್ಕಿಯನ್ನು ನೂರಾರು ಸಲ ಹೊಡೆಸುವುದು ಈ ನಿಲುವಿಗೆ ಬೇಕಾದ ತೊಡೆಯ ಬಲಕ್ಕಾಗಿ. ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗೈಗಳನ್ನು ಬಿಚ್ಚಿ ಮುಂದೆ ಹಿಡಿಯಬೇಕು. ನೋಡುವವರಿಗೆ ಅದು 'ಬೇಡ' ಎಂಬ ಸನ್ನೆಯಂತೆಯೇ ಕಾಣುತ್ತದೆ, ಏಟು ತಡೆಯುವುದಕ್ಕೂ ಸಿದ್ಧವಾಗಿರುತ್ತದೆ. ಮುಷ್ಟಿ ಬಿಗಿದರೆ ಜಗಳಕ್ಕೆ ಒಪ್ಪಿದೆವೆಂದು ಸಾರಿದಂತೆ.

ನಿಲುವಿನ ಉಪಯೋಗ ಕತ್ತಲ ದಾರಿಗೆ ಮಾತ್ರವಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಟಾಗಲೂ, ನರಸೀಪುರದ ಸಂಗಮದಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳದಲ್ಲಿಯೂ ಸೇರುವ ಜನಸಂದಣಿಯನ್ನು ತಾವು ಬಲ್ಲಿರಿ. ನೂಕುನುಗ್ಗಲಿನಲ್ಲಿ ಸಾಯುವವರಲ್ಲಿ ಬಹುಮಂದಿ ಸಾಯುವುದು ತುಳಿತದಿಂದಲ್ಲ, ಎದೆ ಒತ್ತಿ ಉಸಿರಾಡಲಾರದೆ. ಆದುದರಿಂದ ಅಲ್ಲಿ ಮೊಳಕೈಗಳನ್ನು ಮಡಿಸಿ ಎದೆಯ ಮುಂದೆ ಚೌಕಟ್ಟಿನಂತೆ ಹಿಡಿಯಬೇಕು. ಜನರ ಒತ್ತಡಕ್ಕೆ ಎದುರು ಈಜದೆ, ಒತ್ತಡ ಸಡಿಲಿದಾಗಲೆಲ್ಲ ಓರೆಯಾಗಿ ಅಂಚಿನ ಕಡೆಗೆ ಒಂದೊಂದೇ ಹೆಜ್ಜೆ ಸರಿಯಬೇಕು. ಬಿದ್ದುಹೋದ ಚಪ್ಪಲಿಗಾಗಿ ಬಗ್ಗಕೂಡದು.

ಎರಡನೆಯದು, ನನ್ನ ಶಿರೋನಾಮೆಯ ವಿಷಯ. ಯಾರಾದರೂ ಮುಂಗೈಯನ್ನು ಹಿಡಿದರೆ ಎಲ್ಲರಿಗೂ ಮೊದಲು ತೋಚುವ ಉಪಾಯ ಹಿಂದಕ್ಕೆ ಜಗ್ಗುವುದು. ಅದು ಬಲಕ್ಕೆ ಬಲವನ್ನೊಡ್ಡುವ ಲೆಕ್ಕ. ಹಿಡಿದವನು ಬಲಿಷ್ಠನಾದರೆ ಸೋಲು ಖಂಡಿತ. ಅವನ ಕೈಯನ್ನು ಸ್ವಲ್ಪ ನೋಡೋಣ. ನಾಲ್ಕು ಬೆರಳುಗಳು ಒಂದು ಕಡೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆ. ಬೆರಳುಗಳ ತುದಿಯೂ ಹೆಬ್ಬೆರಳೂ ಕೂಡುವ ಸಂದೇ ಆ ಬಂಧನದ ಬಾಗಿಲು, ಅದಕ್ಕೆ ಕಾವಲು ಒಬ್ಬನೇ. ನಮ್ಮ ಮುಂಗೈಯೂ ದುಂಡಗಿಲ್ಲ, ಹಲಗೆಯಂತೆ ಚಪ್ಪಟೆ. ಅದರ ತೆಳುವಾದ ಅಂಚನ್ನು ಆ ಸಂದಿಗೆ ಎದುರಾಗುವಂತೆ ಹೊರಳಿಸಿ, ಅನಂತರ ಕೈಯನ್ನು ಹಿಂದಕ್ಕೆ ಎಳೆಯದೆ ನಮ್ಮ ಮೊಳಕೈಯನ್ನು ಅವನ ಮೊಳಕೈಯ ಕಡೆಗೆ ಮುಂದೂಡಬೇಕು, ಒಡನೆಯೇ ಒಂದು ಹೆಜ್ಜೆ ಮುಂದಕ್ಕೆ ಇಡಬೇಕು. ಹಾರೆಯಿಂದ ಬಂಡೆ ಮೀಟುವವನು ಮಾಡುವುದೂ ಇದನ್ನೇ. ನಮ್ಮ ಮುಂಗೈಯೇ ಹಾರೆ, ಅವನ ಹೆಬ್ಬೆರಳೇ ಬಂಡೆ. ಇಡೀ ಮೈಯ ಭಾರ ಒಂದು ಬೆರಳಿನ ಮೇಲೆ ಬಿದ್ದರೆ ಅದು ತಾಳದು. ಹಿಡಿತ ಸಡಿಲಿದ ಆ ಕ್ಷಣದಲ್ಲಿ ಓಡತಕ್ಕದ್ದು. ನಿಂತು ನೋಡುವುದಾಗಲಿ ಬೈಯುವುದಾಗಲಿ ಬೇಡ.

ಅವನು ಎರಡು ಕೈಯಿಂದಲೂ ನಮ್ಮ ಒಂದು ಕೈಯನ್ನು ಹಿಡಿದರೆ, ನಮ್ಮ ಇನ್ನೊಂದು ಕೈಯನ್ನು ಅವನ ಕೈಗಳೆರಡರ ನಡುವಿನಿಂದ ತೂರಿಸಿ, ಸಿಕ್ಕಿದ ಕೈಯ ಮುಷ್ಟಿಯನ್ನೇ ಹಿಡಿದು, ಭುಜದ ಕಡೆಗೆ ಮೇಲಕ್ಕೆ ಎತ್ತಬೇಕು. ಜಡೆ ಹಿಡಿದರೆ ಅದನ್ನು ಎಳೆದುಕೊಳ್ಳಬಾರದು. ಎರಡು ಅಂಗೈಗಳಿಂದಲೂ ಅವನ ಕೈಯನ್ನು ನಮ್ಮ ತಲೆಗೇ ಬಲವಾಗಿ ಒತ್ತಿಕೊಂಡರೆ ಎಳೆತದ ನೋವು ಇಳಿದು ಬುದ್ಧಿ ಕೆಲಸಮಾಡುತ್ತದೆ. ಆಮೇಲೆ ಅವನ ಕಡೆಗೇ ತಿರುಗಿ ಒತ್ತರಿಸಿ ಬರಬೇಕು. ಚೀಲವನ್ನೋ ಸರವನ್ನೋ ಹಿಡಿದು ಎಳೆದರೆ ಅದನ್ನು ಬಿಟ್ಟುಬಿಡುವುದೇ ವಿದ್ಯೆ. ಒಂದು ಎಳೆ ಚಿನ್ನಕ್ಕಾಗಿ ಕತ್ತು ಕೊಯ್ಯಿಸಿಕೊಳ್ಳಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಮೂರನೆಯದು ಬೀಳುವುದು. ಇಲ್ಲಿ ಗರಡಿಗಿಂತ ಜಪಾನಿನ ಶಾಲೆ ನಮಗೆ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಕುಸ್ತಿಯಲ್ಲಿ ಬೆನ್ನು ನೆಲ ಸೋಕಿದರೆ ಸೋಲಾದುದರಿಂದ ಪೈಲ್ವಾನನು ಬೀಳುವಾಗಲೇ ಬೋರಲಾಗಿ ತಿರುಗಲು ಪಳಗಿರುತ್ತಾನೆ. ಕಾನೊ ಜಿಗೊರೊ ಎಂಬ ವಿದ್ವಾಂಸನು 1882ರಲ್ಲಿ ಟೋಕಿಯೊ ನಗರದಲ್ಲಿ ಸ್ಥಾಪಿಸಿದ ಜೂಡೊ ಶಾಲೆಯ ಸಂಪ್ರದಾಯದಲ್ಲಿಯಾದರೋ, ಕೆಡಹುವುದಕ್ಕೆ ಮುಂಚೆ ಕೆಡೆಯುವುದನ್ನು ಕಲಿಸುತ್ತಾರೆ. ಹೊಸಬರು ಎರಡೇ ಮಾತನ್ನು ನೆನಪಿಟ್ಟರೆ ಸಾಕು. ಗಲ್ಲವನ್ನು ಎದೆಗೆ ಒತ್ತಿಕೊಳ್ಳಬೇಕು, ಆಗ ಹಿಂದಲೆ ನೆಲಕ್ಕೆ ಬಡಿಯುವುದಿಲ್ಲ. ತೋಳನ್ನು ಸೆಟೆದು ನೆಲಕ್ಕೆ ಊರಬಾರದು, ಊರಿದರೆ ಮಣಿಕಟ್ಟೋ ಕೊರಳೆಲುಬೋ ಮುರಿಯುತ್ತದೆ. ಕುಕ್ಕರುಗಾಲಲ್ಲಿ ಕುಸಿದು, ಕುಂಡೆಯ ಮಾಂಸದ ಮೇಲೆ ಇಳಿದು, ಬೆನ್ನನ್ನು ದುಂಡಗೆ ಮಾಡಿ ಹೊರಳಿದರೆ ಏಟು ಹಂಚಿಹೋಗುತ್ತದೆ. ತೆಂಗಿನ ಮಡಲು ಬಿದ್ದ ಸದ್ದಿಗೂ ಕುಂಬಳಕಾಯಿ ಉರುಳಿದ ಸದ್ದಿಗೂ ಇರುವ ಅಂತರವೇ ಇದು.

ಏಟು ಹಾಕುವ ವಿಚಾರ ಏಕೆ ಬರಲಿಲ್ಲವೆಂದು ಕೆಲವರಿಗೆ ನಿರಾಶೆಯಾಗಿರಬಹುದು. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಮಕ್ಕಳು ಅಂಗೈಯಿಂದ ಹೆಂಚು ಒಡೆಯುವುದನ್ನು ನಾವೆಲ್ಲರೂ ನೋಡಿ ಚಪ್ಪಾಳೆ ತಟ್ಟಿದ್ದೇವೆ. ಹೆಂಚು ತಿರುಗಿ ಹೊಡೆಯುವುದಿಲ್ಲವೆಂಬುದನ್ನು ಮಾತ್ರ ಮರೆತಿರುತ್ತೇವೆ. ಹತ್ತು ದಿನದ ಶಿಬಿರದಲ್ಲಿ ಹೊಡೆಯುವುದನ್ನು ಕಲಿತವರಿಗೆ ಬರುವುದು ಬಲವಲ್ಲ, ಧೈರ್ಯದ ಭ್ರಮೆ. ಓಡಬೇಕಾದಾಗ ಅವರು ನಿಲ್ಲುತ್ತಾರೆ. ಗಂಟಲೆಂಬ ಆಯುಧಕ್ಕೆ ಇಷ್ಟು ಅಭ್ಯಾಸವೂ ಬೇಕಿಲ್ಲ, ಆದರೂ ನಮ್ಮ ಹೆಣ್ಣುಮಕ್ಕಳಿಗೆ ಕೂಗುವುದನ್ನೇ ಕಲಿಸಬೇಕಾಗಿದೆ. ಮೆತ್ತಗೆ ಮಾತನಾಡೆಂದು ಹದಿನೆಂಟು ವರ್ಷ ಕಲಿಸಿದ ನಾವೇ ಇದನ್ನೂ ಕಲಿಸತಕ್ಕವರು. ಪೊಲೀಸರ ನೆರವಿಗೆ ದೂರವಾಣಿಯಲ್ಲಿ 112 ಒತ್ತಬಹುದು.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1860ರ ದಂಡಸಂಹಿತೆಯ 96ರಿಂದ 106ನೆಯ ಕಲಮುಗಳಲ್ಲಿದ್ದ ಆತ್ಮರಕ್ಷಣೆಯ ಹಕ್ಕು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ನೆಯ ಕಲಮುಗಳಲ್ಲಿ ಬಂದಿದೆ. ಏಟು ಬೀಳುವವರೆಗೆ ಕಾಯಬೇಕಾಗಿಲ್ಲ, ದೇಹಕ್ಕೆ ಅಪಾಯವೆಂಬ ನ್ಯಾಯವಾದ ಶಂಕೆ ಹುಟ್ಟಿದಾಗಲೇ ಹಕ್ಕು ಹುಟ್ಟುತ್ತದೆ. ಶಂಕೆ ಇರುವವರೆಗೆ ಅದೂ ಇರುತ್ತದೆ. ಆದರೆ ರಕ್ಷಣೆಗೆ ಅವಶ್ಯವಾದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದು. ಓಡಿಹೋಗುತ್ತಿರುವವನನ್ನು ಅಟ್ಟಿ ಹೊಡೆದರೆ ನಾವೇ ಆಪಾದಿತರಾಗಬಹುದು. ಗರಡಿ ಸೇರಿ ಮೂರು ತಿಂಗಳಾದ ಹುಡುಗರು ಇದನ್ನು ಕಿವಿಗೊಟ್ಟು ಕೇಳಬೇಕು. ತೋಳು ಊದುವ ವೇಗದಲ್ಲಿ ವಿವೇಕ ಬೆಳೆಯುವುದಿಲ್ಲ.

ಇನ್ನು, ಯಾರಿಗೆ ಈ ವಿದ್ಯೆ ಅತ್ಯಂತ ಅವಶ್ಯವೋ ಅವರಿಗೆ ಗರಡಿಯ ಬಾಗಿಲು ಸಂಪ್ರದಾಯವಾಗಿ ಮುಚ್ಚಿರುವುದು ಗೊತ್ತಿರುವ ಸಂಗತಿ. ಬಾಗಿಲು ಒಮ್ಮೆಗೇ ತೆರೆಯಲೆಂದು ನಾನು ಕೇಳುವುದಿಲ್ಲ, ಮಟ್ಟಿಯನ್ನು ದೇವರಂತೆ ಪೂಜಿಸುವ ಹಿರಿಯರ ಭಾವನೆಗೆ ಗೌರವ ಸಲ್ಲತಕ್ಕದ್ದೇ. ಆದರೆ ಮೈಸೂರು ದಸರೆಯಲ್ಲಿಯೇ ಹೆಣ್ಣುಮಕ್ಕಳ ಕುಸ್ತಿ ನಡೆದು 'ದಸರಾ ಕಿಶೋರಿ' ಎಂಬ ಬಿರುದು ಸಲ್ಲುತ್ತಿದೆ. 2016ರಲ್ಲಿ ರಿಯೊ ನಗರದ ಒಲಿಂಪಿಕ್ಸ್‌ನಲ್ಲಿ ಸಾಕ್ಷಿ ಮಲಿಕ್ ಕುಸ್ತಿಗೆ ಕಂಚಿನ ಪದಕ ತಂದರು. ನಮ್ಮ ಸರ್ಕಾರವೇ ವಿದ್ಯಾರ್ಥಿನಿಲಯಗಳ ಹುಡುಗಿಯರಿಗೆ ಚಿತ್ರದುರ್ಗದ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ತರಬೇತಿಯನ್ನು ಏರ್ಪಡಿಸಿದೆ. ಹೀಗಿರಲು, ನಮ್ಮೆರಡು ತಾಲ್ಲೂಕುಗಳ ಉಸ್ತಾದರು ಗರಡಿಯ ಹೊರಗೆ, ಶಾಲೆಯ ಬಯಲಿನಲ್ಲಿಯೋ ಹೊಳೆಯ ಮರಳಿನಲ್ಲಿಯೋ, ವಾರಕ್ಕೆ ಒಂದು ಸಂಜೆ ತಾಯಂದಿರ ಸಮಕ್ಷಮದಲ್ಲಿ ನಿಲುವು, ಬಿಡುಗಡೆ, ಬೀಳುವಿಕೆ ಈ ಮೂರನ್ನು ಹೇಳಿಕೊಟ್ಟರೆ ಯಾವ ಸಂಪ್ರದಾಯಕ್ಕೆ ಊನವಾದೀತು? ಮಣ್ಣಿನಲ್ಲಿ ಮಾಗಿದ ಆ ಕೈಗಳಿಗೆ ತಿಳಿದಿರುವಷ್ಟು ಹಿಡಿತದ ಮರ್ಮ ಅಂಗ್ರೇಜಿ ಪುಸ್ತಕ ಓದಿದ ನನ್ನಂಥವನಿಗೆ ಎಲ್ಲಿಂದ ಬರಬೇಕು?

ಅಲ್ಲಿಯವರೆಗೆ ಮನೆಯಲ್ಲಿಯೇ ಅಭ್ಯಾಸಮಾಡಬಹುದು. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ, ಪ್ರತಿ ಕೈಗೂ ಇಪ್ಪತ್ತು ಸಲ, ಮೊದಲು ನಿಧಾನವಾಗಿ, ಆಮೇಲೆ ಚುರುಕಾಗಿ, ಕೊನೆಯ ಐದು ಸಲ ಕಣ್ಣು ಮುಚ್ಚಿಕೊಂಡು. ಹಿಡಿಯುವವರು ಅಣ್ಣನಾಗಲಿ, ಚಿಕ್ಕಪ್ಪನಾಗಲಿ, ತಾಯಿಯೇ ಆಗಲಿ, ಮಗುವಿಗೆ ನೋವಾದೀತೆಂದು ಸಡಿಲವಾಗಿ ಹಿಡಿಯಬಾರದು. ಭತ್ತ ಕುಟ್ಟಿ, ರಾಗಿ ಬೀಸಿ ಗಟ್ಟಿಯಾದ ಅಜ್ಜಿಯ ಕೈ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಎದುರಾಳಿ ಸಿಗುವುದಿಲ್ಲ.