ಮನೆ ಕೊಳ್ಳುವ ಮುನ್ನ ಕಾಗದ ಓದಿ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಿಮಗೆಲ್ಲ ಗೊತ್ತು. ಈಗ ಅನೇಕರು ಮನೆ ಕಟ್ಟುವುದಿಲ್ಲ, ಕಟ್ಟಿದ ಮನೆಯನ್ನು ಕೊಳ್ಳುತ್ತಾರೆ. ಸಿಮೆಂಟು, ಇಟ್ಟಿಗೆ, ಗಾರೆ ಕೆಲಸದವರ ತಾಪತ್ರಯವಿಲ್ಲ. ಹಣ ಕೊಟ್ಟರೆ ಬೀಗದ ಕೈ ಸಿಕ್ಕಿತು, ಎಂದು ತೋರುತ್ತದೆ. ಆದರೆ ಗೋಡೆಯ ಬಿರುಕು ಕಣ್ಣಿಗೆ ಕಾಣುತ್ತದೆ, ಕಾಗದಪತ್ರದ ಬಿರುಕು ಓದಿದವರಿಗೆ ಮಾತ್ರ ಕಾಣುತ್ತದೆ.

‘ಇದೆಲ್ಲ ಅಪ್ಪ ಅಮ್ಮನ ವ್ಯವಹಾರ, ನಮಗೇಕೆ?’ ಎಂದು ನೀವು ಕೇಳಬಹುದು. ವಕೀಲನಾಗಿ ನಾನು ಕಂಡದ್ದನ್ನು ಹೇಳುತ್ತೇನೆ. ಎಷ್ಟೋ ಮನೆಗಳಲ್ಲಿ ಇಪ್ಪತ್ತು ಪುಟದ ದಸ್ತಾವೇಜನ್ನು ಕುಳಿತು ಓದುವ ತಾಳ್ಮೆ ಇರುವುದು, ಕಂಪ್ಯೂಟರಿನಲ್ಲಿ ದಾಖಲೆ ತೆಗೆಯಲು ಬರುವುದು ಓದುತ್ತಿರುವ ಮಕ್ಕಳಿಗೇ. ಹಿರಿಯರು ಮಾತಿನ ಮೇಲೆ, ಮುಖ ನೋಡಿ, ವ್ಯವಹಾರ ಮುಗಿಸಿಬಿಡುತ್ತಾರೆ. ಒಂದು ಪ್ರಸಂಗ ಕೇಳಿ.

ಒಂದು ಜಿಲ್ಲಾ ಕೇಂದ್ರದಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರು ಒಂದು ಹಳೆಯ ಮನೆ ಕೊಂಡರು. ಮಾರಿದವರು ಅಣ್ಣತಮ್ಮಂದಿರಿಬ್ಬರು. ‘ಮೇಷ್ಟ್ರೇ, ಖಾತೆ ನಮ್ಮಿಬ್ಬರ ಹೆಸರಿನಲ್ಲೇ ಇದೆ. ಕಂದಾಯ ಕಟ್ಟಿದ ರಸೀದಿ ಇದೆ. ಇನ್ನೇನು ಬೇಕು?’ ಎಂದರು. ಮೇಷ್ಟ್ರು ಒಪ್ಪಿದರು. ನಿವೃತ್ತಿಯ ಹಣವೆಲ್ಲ ಅದಕ್ಕೇ ಹೋಯಿತು. ನೋಂದಣಿಯಾಯಿತು, ಗೃಹಪ್ರವೇಶವೂ ಆಯಿತು. ಎರಡು ವರ್ಷ ಕಳೆದ ಮೇಲೆ ನ್ಯಾಯಾಲಯದಿಂದ ಸಮನ್ಸ್ ಬಂತು. ಅವರು ನನ್ನಲ್ಲಿಗೆ ಬಂದಾಗ ಕಾಲೇಜಿನಲ್ಲಿ ಓದುತ್ತಿದ್ದ ಮಗಳೂ ಜೊತೆಗಿದ್ದಳು. ಕ್ರಯಪತ್ರವನ್ನು ಅಂದೇ ಮೊದಲ ಬಾರಿಗೆ ಓದುತ್ತಿದ್ದ ಆ ಹುಡುಗಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಈ ಮನೆ ತಮ್ಮ ತಂದೆಯ ಕಾಲಾನಂತರ ತಮಗೆ ಬಂದದ್ದೆಂದು ಮಾರಿದವರು ಬರೆಸಿದ್ದರು. ‘ಅಪ್ಪಾ, ಇವರಿಗೆ ಅಕ್ಕತಂಗಿಯರು ಇರಲಿಲ್ಲವೇ?’ ಎಂದಳು.

ಇದ್ದರು. ಒಬ್ಬ ತಂಗಿ ಇದ್ದಳು, ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ದಾವೆ ಹಾಕಿದವಳು ಅವಳೇ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆ ಅದು. ಅವರು ಉಯಿಲು ಬರೆದಿರಲಿಲ್ಲ. ತಾಯಿ, ಅಜ್ಜಿ ಮೊದಲೇ ತೀರಿಕೊಂಡಿದ್ದರು. ಹೀಗಿರುವಾಗ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮೂವರು ಮಕ್ಕಳಿಗೂ ಸಮಪಾಲು. ಅಣ್ಣಂದಿರು ತಮ್ಮ ಎರಡು ಪಾಲು ಮಾರಬಹುದಿತ್ತು, ತಂಗಿಯ ಪಾಲನ್ನು ಮಾರುವ ಹಕ್ಕು ಅವರಿಗಿರಲಿಲ್ಲ. ಕೊನೆಗೆ ರಾಜಿಯಾಯಿತು. ಮೇಷ್ಟ್ರು ಆ ಒಂದು ಪಾಲಿಗೆ ಸಾಲ ಮಾಡಿ ಎರಡನೆಯ ಸಲ ಹಣ ಕೊಟ್ಟರು. ಮಗಳು ಕೇಳಿದ ಪ್ರಶ್ನೆಯನ್ನು ಯಾರಾದರೂ ಮುಂಗಡ ಕೊಡುವ ದಿನವೇ ಕೇಳಿದ್ದರೆ ಇದಾವುದೂ ಆಗುತ್ತಿರಲಿಲ್ಲ.

ಈ ಪ್ರಸಂಗದಿಂದ ಕಲಿಯಬೇಕಾದ ಮೊದಲ ಪಾಠ: ಖಾತೆ ಎಂದರೆ ಒಡೆತನವಲ್ಲ. ಆಸ್ತಿಯ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂದು ನಗರಸಭೆಯೋ ಪಂಚಾಯಿತಿಯೋ ಬರೆದಿಟ್ಟುಕೊಂಡ ಲೆಕ್ಕ ಅದು. 2024ರಿಂದ ನಗರ ಪ್ರದೇಶದ ಆಸ್ತಿಗಳ ನೋಂದಣಿಗೆ ಇ-ಖಾತೆ ಬೇಕೆಂಬ ನಿಯಮ ಬಂದಿದೆ, ನಿಜ. ಖಾತೆ ಬೇಕು, ಆದರೆ ಖಾತೆಯೊಂದೇ ಸಾಲದು. ಹಾಗೆಯೇ ನೋಂದಣಿಯಾಯಿತೆಂದರೆ ಮಾರಿದವನ ಹಕ್ಕು ಸರಿಯಾಗಿದೆಯೆಂದು ಸರ್ಕಾರ ಭರವಸೆ ಕೊಟ್ಟಂತಲ್ಲ. ಹಕ್ಕನ್ನು ಪರಿಶೀಲಿಸುವ ಹೊಣೆ ಕೊಳ್ಳುವವನದೇ.

ಹಾಗಾದರೆ ಏನೇನು ನೋಡಬೇಕು?

ಮೊದಲನೆಯದು ಮೂಲಪತ್ರ. ಈ ಆಸ್ತಿ ಮೊದಲು ಯಾರದಾಗಿತ್ತು, ಅವರಿಂದ ಯಾರಿಗೆ ಬಂತು, ಹೇಗೆ ಬಂತು, ಎಂಬುದನ್ನು ಒಂದು ಹಾಳೆಯಲ್ಲಿ ವಂಶಾವಳಿಯ ಹಾಗೆ ಬರೆಯಿರಿ. ಕ್ರಯವೋ, ದಾನವೋ, ವಿಭಾಗವೋ, ಉಯಿಲೋ? ಪ್ರತಿ ಹಂತಕ್ಕೂ ಒಂದು ಪತ್ರ ಇರಬೇಕು. ಸರಪಳಿಯಲ್ಲಿ ಒಂದು ಕೊಂಡಿ ಕಾಣದಿದ್ದರೆ ಅಲ್ಲಿಯೇ ನಿಲ್ಲಿ, ಕೇಳಿ. ಸಾಮಾನ್ಯವಾಗಿ ಹಿಂದಿನ 30 ವರ್ಷಗಳ ಪತ್ರಗಳನ್ನು ನೋಡುವ ವಾಡಿಕೆಯಿದೆ.

ಎರಡನೆಯದು ಋಣಭಾರ ಪ್ರಮಾಣಪತ್ರ. ಜನ ಇದನ್ನು ‘ಇ.ಸಿ.’ ಎನ್ನುತ್ತಾರೆ. ನೀವು ಕೇಳಿದ ಅವಧಿಯಲ್ಲಿ ಆ ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನ, ದಾನ ಮುಂತಾದವು ನಮೂನೆ 15ರಲ್ಲಿ ಬರುತ್ತವೆ. ಏನೂ ಇಲ್ಲದಿದ್ದರೆ ನಮೂನೆ 16 ಸಿಗುತ್ತದೆ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ವಿವರವನ್ನು ಮನೆಯಲ್ಲೇ ಕುಳಿತು ಪಡೆಯಬಹುದು. ಅದಕ್ಕಿಂತ ಹಳೆಯದು ಬೇಕಾದರೆ ಉಪನೋಂದಣಾಧಿಕಾರಿಯ ಕಚೇರಿಯ ದಾಖಲೆಯಿಂದ ತೆಗೆಸಬೇಕು. ಆದರೆ ಒಂದು ಮಾತು ನೆನಪಿಡಿ. ನೋಂದಣಿಯಾಗದ ವ್ಯವಹಾರ ಇದರಲ್ಲಿ ಕಾಣುವುದಿಲ್ಲ. ಮೇಷ್ಟ್ರ ಮನೆಯ ಇ.ಸಿ. ಶುದ್ಧವಾಗಿಯೇ ಇತ್ತು. ತಂಗಿಯ ಪಾಲು ಯಾವ ರಿಜಿಸ್ಟರಿನಲ್ಲೂ ಬರೆದಿರಲಿಲ್ಲ.

ಮೂರನೆಯದು, ಆದುದರಿಂದಲೇ, ವಂಶವೃಕ್ಷ. ಆಸ್ತಿ ತಂದೆ ತಾತಂದಿರಿಂದ ಬಂದದ್ದಾದರೆ ಹಕ್ಕುದಾರರೆಲ್ಲರೂ ಸಹಿ ಮಾಡಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು ಕರ್ನಾಟಕವು 1994ರ ತಿದ್ದುಪಡಿಯಲ್ಲಿ, ಕೆಲವು ಷರತ್ತುಗಳೊಂದಿಗೆ, ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಮದುವೆಯಾದ ಹೆಣ್ಣುಮಕ್ಕಳಿಗೂ ಅದನ್ನು ದೇಶಾದ್ಯಂತ ವಿಸ್ತರಿಸಿತು. ಕ್ರೈಸ್ತರಿಗೆ, ಮುಸ್ಲಿಮರಿಗೆ ಅವರವರ ಉತ್ತರಾಧಿಕಾರದ ನಿಯಮಗಳಿವೆ. ಅವುಗಳಲ್ಲೂ ಹೆಣ್ಣುಮಕ್ಕಳ ಪಾಲು ಉಂಟು. ಹದಿನೆಂಟು ತುಂಬದ ಮಕ್ಕಳ ಪಾಲು ಸೇರಿದ್ದರೆ ನ್ಯಾಯಾಲಯದ ಅನುಮತಿ ಬೇಕೇ ಎಂಬುದನ್ನು ವಕೀಲರಲ್ಲಿ ವಿಚಾರಿಸಲೇಬೇಕು.

ಇಲ್ಲಿ ನನ್ನ ಮಾತು ಕೇಳುತ್ತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ಮುಂದೊಂದು ದಿನ ನಿಮ್ಮ ಮುಂದೆ ಹಕ್ಕು ಖುಲಾಸೆ ಪತ್ರ ಬರಬಹುದು. ‘ಸುಮ್ಮನೆ ಒಂದು ಸಹಿ ಹಾಕಮ್ಮ’ ಎಂದು ಅಣ್ಣನೋ ಚಿಕ್ಕಪ್ಪನೋ ಹೇಳಬಹುದು. ಪ್ರೀತಿಯಿಂದ ಬಿಟ್ಟುಕೊಡುವುದು ನಿಮ್ಮಿಷ್ಟ. ಆದರೆ ಏನನ್ನು ಬಿಟ್ಟುಕೊಡುತ್ತಿದ್ದೀರಿ ಎಂದು ಓದಿ ತಿಳಿದು ಸಹಿ ಮಾಡಿ.

ನಾಲ್ಕನೆಯದು ಚಕ್ಕುಬಂದಿ ಮತ್ತು ಅಳತೆ. ಪತ್ರದಲ್ಲಿ ಪೂರ್ವಕ್ಕೆ ರಸ್ತೆ ಎಂದಿದ್ದರೆ ಪೂರ್ವದಲ್ಲಿ ರಸ್ತೆ ಇದೆಯೇ ನೋಡಿ. ಟೇಪು ಹಿಡಿದು ಅಳೆಯಿರಿ. ಕಾಗದದಲ್ಲಿ 30 ಅಡಿಗೆ 40 ಅಡಿ, ಅಂದರೆ 1,200 ಚದರಡಿ. ನೆಲದ ಮೇಲೆ 30ಕ್ಕೆ 37 ಮಾತ್ರ ಇದ್ದರೆ 1,110 ಚದರಡಿ. ಚದರಡಿಗೆ 4,000 ರೂಪಾಯಿ ಎಂದಿಟ್ಟುಕೊಂಡರೆ ಆ ಮೂರಡಿಗೆ ನೀವು ತೆರುವುದು 3,60,000 ರೂಪಾಯಿ! ಹೊಲವನ್ನು ಮನೆ ನಿವೇಶನ ಮಾಡಿದ ಜಾಗವಾದರೆ ಭೂಪರಿವರ್ತನೆಯ ಆದೇಶ ಮತ್ತು ಅನುಮೋದಿತ ಬಡಾವಣೆಯ ನಕ್ಷೆಯನ್ನು ಕೇಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವುದನ್ನು 1978ರ ಕರ್ನಾಟಕದ ಕಾಯಿದೆ ನಿಷೇಧಿಸಿದೆ.

ಕಟ್ಟುತ್ತಿರುವ ಫ್ಲ್ಯಾಟು ಕೊಳ್ಳುವವರಿಗೆ 2016ರ ರೇರಾ ಕಾಯಿದೆ ನೆರವಾಗುತ್ತದೆ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡವನ್ನು ಕಟ್ಟಡದವರು ಪಡೆಯುವಂತಿಲ್ಲ. ಯೋಜನೆಗೆ ರೇರಾ ನೋಂದಣಿ ಸಂಖ್ಯೆ ಇದೆಯೇ ಎಂದು ಜಾಲತಾಣದಲ್ಲಿ ನೋಡುವ ಕೆಲಸ ನಿಮಗೆ ಐದು ನಿಮಿಷದ್ದು.

ಇನ್ನು ಹಣದ ಮಾತು. ಮನೆಯ ಬೆಲೆ 50 ಲಕ್ಷ ಎಂದರೆ ಖರ್ಚು 50 ಲಕ್ಷಕ್ಕೆ ನಿಲ್ಲುವುದಿಲ್ಲ. ಮುದ್ರಾಂಕ ಶುಲ್ಕ ಶೇಕಡಾ 5ರಂತೆ ಎರಡೂವರೆ ಲಕ್ಷ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿಸಲಾಯಿತು. ಅದು ಒಂದು ಲಕ್ಷ. ಇದರ ಮೇಲೆ ಉಪಕರ, ಅಧಿಭಾರ ಬೇರೆ. ದರಗಳು ಬದಲಾಗುತ್ತಿರುತ್ತವೆ, ನೋಂದಣಿಯ ದಿನದ ದರವನ್ನು ವಿಚಾರಿಸಿಕೊಳ್ಳಿ. ಈ ಖರ್ಚು ಉಳಿಸಲೆಂದು ಕೆಲವರು ‘ಜಿ.ಪಿ.ಎ. ಮಾಡಿಕೊಳ್ಳಿ ಸಾಕು’ ಎನ್ನುತ್ತಾರೆ. ಬರಿಯ ಅಧಿಕಾರಪತ್ರದಿಂದ ಒಡೆತನ ವರ್ಗವಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಸ್ಪಷ್ಟಪಡಿಸಿದೆ.

ಮಾರುವವರಿಗೂ ಎರಡು ಮಾತು. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದು 2015ರಿಂದ ನಿಷಿದ್ಧ. ಬೆಲೆ 50 ಲಕ್ಷ ಅಥವಾ ಮೇಲ್ಪಟ್ಟಿದ್ದರೆ ಕೊಳ್ಳುವವರು ಶೇಕಡಾ 1ರಷ್ಟನ್ನು ನಿಮ್ಮ ಆದಾಯ ತೆರಿಗೆಯ ಲೆಕ್ಕಕ್ಕೆ ಹಿಡಿದು ಕಟ್ಟುತ್ತಾರೆ. ಅದರ ಪ್ರಮಾಣಪತ್ರ ಕೇಳಿ ಪಡೆಯಿರಿ. ಕರಾರಿನಲ್ಲಿ ಮುಂಗಡವೆಷ್ಟು, ಬಾಕಿ ಎಂದಿಗೆ, ತಪ್ಪಿದರೆ ಏನು ಎಂಬುದು ಸ್ಪಷ್ಟವಾಗಿರಲಿ. ಪೂರ್ತಿ ಹಣ ಕೈಸೇರುವ ಮುನ್ನ ಮೂಲಪತ್ರ ಕೊಡಬೇಡಿ, ಖಾಲಿ ಕಾಗದಕ್ಕೆ ಎಂದೂ ಸಹಿ ಹಾಕಬೇಡಿ. ಮನೆಯಲ್ಲಿ ಸೋರಿಕೆಯಿದ್ದರೆ, ಸಾಲವಿದ್ದರೆ, ದಾವೆಯಿದ್ದರೆ ಮೊದಲೇ ಹೇಳಿಬಿಡಿ. ಮುಚ್ಚಿಟ್ಟ ಸಂಗತಿ ಮುಂದೆ ನಿಮ್ಮನ್ನೇ ನ್ಯಾಯಾಲಯದ ಮೆಟ್ಟಿಲು ಹತ್ತಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮುಂಗಡ ಕೊಡುವ ಮೊದಲು ಒಬ್ಬ ತಿಳಿದ ವಕೀಲರಿಗೆ ಕಾಗದ ತೋರಿಸಿ. ಮದುವೆಯ ಸಂಬಂಧಕ್ಕೆ ಹತ್ತು ಕಡೆ ವಿಚಾರಿಸುವ ನಾವು ಮನೆಯ ವಿಷಯದಲ್ಲಿ ಮಾತ್ರ ‘ಅವರು ಒಳ್ಳೆಯ ಜನ’ ಎಂದು ಸುಮ್ಮನಾಗುತ್ತೇವೆ. ಮೇಷ್ಟ್ರಿಗೆ ಮಾರಿದವರನ್ನೂ ಊರೆಲ್ಲ ಒಳ್ಳೆಯ ಜನ ಎಂದೇ ಹೇಳುತ್ತಿತ್ತು.

ಮಿತ್ರರೇ, ಕೊನೆಯದಾಗಿ ನಿಮಗೊಂದು ಮನೆಗೆಲಸ. ಈ ಭಾನುವಾರ ನಿಮ್ಮ ಮನೆಯ ಬೀರುವಿನಲ್ಲಿರುವ ಕಾಗದದ ಕಟ್ಟನ್ನು ಅಪ್ಪ ಅಮ್ಮನ ಅಪ್ಪಣೆ ಪಡೆದು ಬಿಚ್ಚಿ. ನಿಮ್ಮ ಮನೆ ಯಾರ ಹೆಸರಿನಲ್ಲಿದೆ, ಯಾರಿಂದ ಬಂತು, ನಾಲ್ಕು ದಿಕ್ಕಿಗೆ ಏನಿದೆ, ಯಾರ ಸಹಿ ಇದೆ, ಯಾರದು ಇಲ್ಲ, ಓದಿ ನೋಡಿ. ಬಾಡಿಗೆ ಮನೆಯಲ್ಲಿದ್ದರೆ ಬಾಡಿಗೆ ಕರಾರನ್ನು ಓದಿ. ಅರ್ಥವಾಗದ ಪದಗಳನ್ನು ಗುರುತು ಹಾಕಿಕೊಂಡು ಹಿರಿಯರನ್ನು ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಇಬ್ಬರೂ ಕೂಡಿ ತಿಳಿದವರ ಬಳಿ ಹೋಗಿ. ನಾಳೆ ನಿಮ್ಮ ಮನೆಯಲ್ಲಿ ಕೊಳ್ಳುವ, ಮಾರುವ ಮಾತು ಬಂದಾಗ ಆ ಒಂದು ಪ್ರಶ್ನೆ ಸಕಾಲಕ್ಕೆ ನಿಮ್ಮ ಬಾಯಿಂದ ಬರಲಿ.